ಓಬಳಪ್ಪನ ಡಬ್ಬಿಯಲ್ಲಿ ಕಂಡ ಸಕ್ಕರೆ

ಕೊರೊನಾ ಕಳೆದು, ಜನ ಮಾಸ್ಕು ಬಿಸಾಡಿ ಮತ್ತೆ ಒಬ್ಬರ ಮುಖ ಒಬ್ಬರು ನೋಡತೊಡಗಿದ ವರ್ಷ ಅದು. ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಕೆಲಸದಿಂದ ರಿಟೈರ್ ಆಗಿದ್ದ ನಾನು, ಮನೆಯಲ್ಲಿ ಕೂರಲಾಗದೆ, ಆಂಧ್ರದ ಗಡಿಯೂರು ಹಿಂದೂಪುರದ ಒಂದು ಸಣ್ಣ ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ಬೆಳಗಿನ ಹೊತ್ತು ಇನ್‌ಚಾರ್ಜ್ ಆಗಿ ಕುಳಿತುಕೊಳ್ಳುತ್ತಿದ್ದೆ. ರಕ್ತ, ಮೂತ್ರದ ಸ್ಯಾಂಪಲ್ ಪಡೆದು, ಟೆಸ್ಟ್ ಮಾಡಿ, ರಿಪೋರ್ಟನ್ನು ಪೆಥಾಲಜಿಸ್ಟ್ ಡಾಕ್ಟರರ ಸಹಿಗೆ ಇಡುವುದು ನನ್ನ ಕೆಲಸ. ಊರಿನವರಿಗೆ ನಾನು ‘ಲ್ಯಾಬಮ್ಮ’. ಕಾನ್ವೆಂಟಿನಲ್ಲಿ ಓದಿ, ಸಿಸ್ಟರ್‌ಗಳಿಂದ ಪ್ರೊನನ್ಸಿಯೇಷನ್ ತಿದ್ದಿಸಿಕೊಂಡು ಬಂದ ನನಗೆ ಒಂದು ಕಾಲದಲ್ಲಿ ‘ಮೇಡಂ’ ಅನ್ನಿಸಿಕೊಳ್ಳುವ ಆಸೆ ಬಹಳ ಇತ್ತು. ಈಗ ಯಾರಾದರೂ ಮೇಡಂ ಅಂದರೆ ಹಿಂದೆ ತಿರುಗಿ ನೋಡುತ್ತೇನೆ, ಇನ್ಯಾರನ್ನೋ ಕರೆದರೇನೋ ಎಂದು.

ಓಬಳಪ್ಪ ಮತ್ತು ಅವರ ಹೆಂಡತಿ ಈರಕ್ಕ ಬಂದದ್ದು ಅಂಥ ಒಂದು ಬೆಳಿಗ್ಗೆ. ಇಬ್ಬರ ಹೆಸರನ್ನೂ ಬದಲಿಸಿದ್ದೇನೆ, ಉಳಿದದ್ದನ್ನು ಬದಲಿಸಿಲ್ಲ. ಕಲ್ಯಾಣದುರ್ಗದಿಂದಾಚೆ, ಸೆಟ್ಟೂರಿನ ಕಡೆಯ ಹಳ್ಳಿಯವರು. ಓಬಳಪ್ಪನವರಿಗೆ ಎಪ್ಪತ್ತರ ಆಸುಪಾಸು. ಹರ್ನಿಯಾ ಆಗಿತ್ತು, ಅಂದರೆ ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಕರುಳು ತೊಡೆಸಂದಿಯಲ್ಲಿ ಉಬ್ಬಿಕೊಳ್ಳುತ್ತಿತ್ತು. ಹಿಂದೂಪುರದಲ್ಲಿದ್ದ ಮಗಳು ಸುಜಾತ ಅಪ್ಪ ಅಮ್ಮನನ್ನು ಕರೆಸಿಕೊಂಡು, ಇಲ್ಲಿಯ ಸರ್ಜನ್ನಿಗೆ ತೋರಿಸಿ, ಮುಂದಿನ ವಾರ ಆಪರೇಷನ್ ಎಂದು ಗೊತ್ತುಮಾಡಿದ್ದಳು. ಅದಕ್ಕೆ ಮುಂಚೆ ಎಲ್ಲರಿಗೂ ಮಾಡಿಸುವ ರೊಟೀನ್ ಟೆಸ್ಟ್‌ಗಳನ್ನು ಬರೆದುಕೊಟ್ಟಿದ್ದರು: ರಕ್ತದ ಕೌಂಟ್, ಶುಗರ್, ಕಿಡ್ನಿಗೆ ಕ್ರಿಯಾಟಿನಿನ್, ಆಮೇಲೆ ಕಂಪ್ಲೀಟ್ ಯೂರಿನ್ ಎಕ್ಸಾಮಿನೇಷನ್.

ನನ್ನ ಮೊದಲ ಪೋಸ್ಟಿಂಗ್ ಕಲ್ಯಾಣದುರ್ಗದಲ್ಲೇ ಎಂದು ನಾನು ಹೇಳಿದ್ದೇ ಸಾಕಾಯಿತು.

“ಹಂಗಾದ್ರೆ ನಮ್ಮೋರೇ ಬಿಡಮ್ಮ,” ಅಂದರು ಈರಕ್ಕ. “ಹುಷಾರಾಗಿ ಚುಚ್ಚು. ಇವನು ನೋಡಾಕೆ ಗಟ್ಟಿ, ಸೂಜಿ ಕಂಡ್ರೆ ಬೆದರೋ ಕರ.”

ಆದರೆ ಓಬಳಪ್ಪ ಸೂಜಿಗೆ ಹೆದರಲಿಲ್ಲ. ತೋಳು ಚಾಚಿ, ನಾನು ರಕ್ತ ತೆಗೆಯುವಷ್ಟೂ ಹೊತ್ತು ಟ್ಯೂಬನ್ನೇ ನೋಡುತ್ತ ಕುಳಿತರು. ಮೂತ್ರಕ್ಕೆಂದು ಪ್ಲಾಸ್ಟಿಕ್ ಡಬ್ಬಿ ಕೈಗಿತ್ತಾಗ ಮಾತ್ರ ಮುಖ ಸಪ್ಪಗಾಯಿತು. “ಇದೂ ಬೇಕೇನಮ್ಮ?” ಎಂದು ಎರಡು ಸಲ ಕೇಳಿದರು. ಗಂಡಸರು ಸಂಕೋಚಪಡುವುದು ಹೊಸದಲ್ಲ. ನಾನು ಮುಂದಿನ ಪೇಷೆಂಟಿನ ಕೈಗೆ ಪಟ್ಟಿ ಬಿಗಿಯತೊಡಗಿದೆ. ತಿರುಗಿ ನೋಡುವಷ್ಟರಲ್ಲಿ ತುಂಬಿದ ಡಬ್ಬಿ ಟ್ರೇ ಮೇಲಿತ್ತು, ಗಂಡ ಹೆಂಡತಿ ಹೊರಟುಹೋಗಿದ್ದರು.

ಓಬಳಪ್ಪನವರ ಫಾಸ್ಟಿಂಗ್ ಶುಗರ್ ತೊಂಬತ್ತೆರಡು ಬಂತು. ಆ ವಯಸ್ಸಿಗೆ ಫಸ್ಟ್ ಕ್ಲಾಸ್. ಆದರೆ ಅದೇ ಮನುಷ್ಯನ ಮೂತ್ರದಲ್ಲಿ ಸ್ಟ್ರಿಪ್ ಅದ್ದಿದರೆ, ಸಕ್ಕರೆ ತೋರಿಸುವ ಚೌಕ ನೋಡನೋಡುತ್ತಿದ್ದಂತೆ ಕಡು ಕಂದು ಬಣ್ಣಕ್ಕೆ ತಿರುಗಿತು. ತ್ರೀ ಪ್ಲಸ್, ಅಂದರೆ ಸಕ್ಕರೆ ವಿಪರೀತ. ಇದು ಹೊಂದುವುದಿಲ್ಲ. ನಮ್ಮ ಕಿಡ್ನಿಗಳು ಬಲು ಜಿಪುಣ. ರಕ್ತದ ಸಕ್ಕರೆ ಸುಮಾರು ನೂರೆಂಬತ್ತು ದಾಟುವವರೆಗೆ ಒಂದು ಹರಳನ್ನೂ ಹೊರಗೆ ಬಿಡುವುದಿಲ್ಲ, ಎಲ್ಲವನ್ನೂ ವಾಪಸ್ ಎಳೆದುಕೊಳ್ಳುತ್ತವೆ. ತೊಂಬತ್ತೆರಡು ಇರುವವರ ಮೂತ್ರದಲ್ಲಿ ಇಷ್ಟೊಂದು ಸಕ್ಕರೆ ಎಲ್ಲಿಂದ ಬರಬೇಕು?

ಇಂಥ ಸಂದರ್ಭದಲ್ಲಿ ಮೊದಲು ಅನುಮಾನ ಪಡಬೇಕಾದ್ದು ಪೇಷೆಂಟಿನ ಮೇಲಲ್ಲ, ನಮ್ಮ ಮೇಲೆ. ಲೇಬಲ್ ನೋಡಿದೆ, ಸರಿಯಿತ್ತು. ಹೊಸ ಸ್ಟ್ರಿಪ್ ಡಬ್ಬ ಒಡೆದು ಮತ್ತೆ ಅದ್ದಿದೆ, ಅದೇ ಬಣ್ಣ. ಕಲ್ಯಾಣದುರ್ಗದ ದಿನಗಳು ನೆನಪಾದವು. ಆಗ ಈ ಪ್ಲಾಸ್ಟಿಕ್ ಡಬ್ಬಿಗಳೆಲ್ಲಿ? ಜನ ಮನೆಯಿಂದಲೇ ಸಿಕ್ಕಿದ ಸೀಸೆಯಲ್ಲಿ ತರುತ್ತಿದ್ದರು. ಒಬ್ಬರು ಕೆಮ್ಮಿನ ಸಿರಪ್ಪಿನ ಸೀಸೆಯನ್ನು ಸರಿಯಾಗಿ ತೊಳೆಯದೆ ತಂದು, ಇಲ್ಲದ ಸಕ್ಕರೆ ಕಾಯಿಲೆ ಅಂಟಿಸಿಕೊಂಡು, ಪಾಪ, ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೂಡ ಬಿಟ್ಟಿದ್ದರು. ಸೀಸೆ ಮೂಸಿ ನೋಡಿದ ಮೇಲೆಯೇ ನನಗೆ ಅದು ಹೊಳೆದದ್ದು. ಆದರೆ ಓಬಳಪ್ಪನವರಿಗೆ ಕೊಟ್ಟದ್ದು ನಮ್ಮದೇ ಹೊಸ ಡಬ್ಬಿ. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಮಾತ್ರೆಗಳೂ ಈಚೆಗೆ ಬಂದಿವೆ. ಸುಜಾತಳಿಗೆ ಫೋನ್ ಮಾಡಿ ಕೇಳಿದರೆ, ಅಪ್ಪ ಯಾವ ಮಾತ್ರೆಯನ್ನೂ ಮುಟ್ಟುವುದಿಲ್ಲ ಅಂದಳು. ರಿಪೋರ್ಟನ್ನು ಸಹಿಗೆ ಇಡದೆ, ಮಾರನೆಯ ದಿನ ಅವರನ್ನು ಮತ್ತೆ ಕಳಿಸಲು ಹೇಳಿದೆ.

ಮರುದಿನ ಬಂದ ಓಬಳಪ್ಪನವರ ಮುಖದಲ್ಲಿ ಕಳೆಯೇ ಇರಲಿಲ್ಲ. ಈರಕ್ಕನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

“ಮತ್ಯಾಕಮ್ಮ ಕರೆಸ್ದೆ? ಏನಾನಾ ಕಾಣಿಸ್ತಾ?”

“ಏನೋ ಹೊಂದ್ತಾ ಇಲ್ಲ ಓಬಳಪ್ಪ. ಇನ್ನೊಂದು ಸ್ಯಾಂಪಲ್ ಬೇಕು.”

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. “ಲ್ಯಾಬಮ್ಮ, ನಮ್ಮೂರಾಗೆ ಒಬ್ಬವ್ನೆ. ನನ್ನ ಜೊತೆಗಾರ. ಸೋಮವಾರ ಭಜನೆ ಮುಗಿದ ಮ್ಯಾಕೆ ಗುಡಿ ಹಿಂದ್ಗಡೆ ಕುಂತು ಒಂದೆರಡು ದಮ್ಮು ಸೊಪ್ಪು ಸೇದ್ತಾನೆ. ಭಂಗಿ ಸೊಪ್ಪು, ಗಂಜಾಯಿ ಅಂತಾರಲ್ಲ, ಅದು. ಅಂಥೋರಿಗೆ ಈ ಟೆಸ್ಟ್ ಮಾಡಿದ್ರೆ ಅದು ಕಾಣ್ತದಾ?”

“ನಿಮ್ಮ ಜೊತೆಗಾರನಿಗೂ ಹರ್ನಿಯಾನಾ?” ಎಂದು ಕೇಳಿದೆ.

“ಅವನಿಗೂ ಅದೇ ಕಣಮ್ಮ,” ಅಂದರು, ನೆಲ ನೋಡುತ್ತ.

ನಗು ತಡೆದುಕೊಂಡು, ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಏಕೆಂದರೆ ಈ ಪ್ರಶ್ನೆ ಕೇಳಲು ಎಪ್ಪತ್ತರವರೂ ಇಪ್ಪತ್ತರವರೂ ಒಂದೇ ಸಮ ನಾಚುತ್ತಾರೆ. ರೊಟೀನ್ ಟೆಸ್ಟು ಕೇಳಿದ್ದನ್ನು ಮಾತ್ರ ಹುಡುಕುತ್ತದೆ. ಮೂತ್ರದಲ್ಲಿ ಸಕ್ಕರೆ, ಪ್ರೋಟೀನು, ಕೀವಿನ ಕಣ, ರಕ್ತದ ಕಣ. ರಕ್ತದಲ್ಲಿ ಹಿಮೋಗ್ಲೋಬಿನ್ನು, ಶುಗರ್ರು, ಇಂಥವು. ಗಾಂಜಾ ಹುಡುಕಲು ಡ್ರಗ್ ಸ್ಕ್ರೀನ್ ಎಂಬ ಬೇರೆಯೇ ಟೆಸ್ಟ್, ಬೇರೆಯೇ ಕಿಟ್ ಬೇಕು. ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಕೆಲವು ಕಂಪನಿಗಳು ಅದನ್ನು ಕೇಳುತ್ತವೆ, ಅಗತ್ಯ ಬಿದ್ದರೆ ಡಾಕ್ಟರೂ ಬರೆಯುತ್ತಾರೆ. ಓಬಳಪ್ಪನವರಿಗೆ ಯಾರೂ ಬರೆದಿರಲಿಲ್ಲ.

“ಅಂದ್ರೆ ತಾನಾಗೇ ಎದ್ದು ಬರಾಕಿಲ್ವಾ?”

“ಬರಲ್ಲ.”

ಅವರು ಹಣೆಗೆ ಕೈ ಹೊಡೆದುಕೊಂಡರು. “ಅಯ್ಯೋ ಹಾಳಾಗೋಯ್ತು. ಹಂಗಾದ್ರೆ ಅವಳ್ದು ಯಾಕೆ ಇಡ್ಸಿದೆ ನಾನು.”

ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಆಮೇಲೆ ಕಥೆಯೆಲ್ಲ ಹೊರಬಂತು. ತಂಗಿಯ ಮಗನೊಬ್ಬ ಬೆಂಗಳೂರಿನಲ್ಲಿ ಕಂಪನಿಯ ಡ್ರೈವರ್ ಕೆಲಸಕ್ಕೆ ಹೋಗಿ, ‘ಉಚ್ಚೆಯಲ್ಲಿ ಗಾಂಜಾ ಸಿಕ್ಕಿತು’ ಎಂದು ವಾಪಸ್ ಬಂದಿದ್ದನಂತೆ. ಆದ್ದರಿಂದ ರಕ್ತ ಏನೂ ಬಾಯಿಬಿಡುವುದಿಲ್ಲ, ಮೂತ್ರ ಎಲ್ಲವನ್ನೂ ಹೇಳಿಬಿಡುತ್ತದೆ ಎಂದು ಓಬಳಪ್ಪ ತೀರ್ಮಾನಿಸಿದ್ದರು. ಅವರ ಭಯ ಪೊಲೀಸರದ್ದಲ್ಲ, ಡಾಕ್ಟರದ್ದೂ ಅಲ್ಲ. ಯುಗಾದಿಗೆ ಸುಜಾತ ಊರಿಗೆ ಬಂದಾಗ, ಅವಳ ಮಗಳ ತಲೆಯ ಮೇಲೆ ಕೈಯಿಟ್ಟು, ಇನ್ನು ಸೊಪ್ಪು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದರು. ಆಣೆ ಮಾಡಿಸಿದವರು ಈರಕ್ಕ.

“ಇನ್ನೊಂದು ದಪ ಮುಟ್ಟಿದ್ರೆ ನಾನು ಮಗಳ ಮನೇಲೇ ಇದ್ಬುಡ್ತೀನಿ, ನಿನ್ ಮುದ್ದೆ ನೀನೇ ತೊಳಸ್ಕೋ ಅಂದವ್ಳೆ ಕಣಮ್ಮ. ಅಂಗೇ ಮಾಡೋಳೇ ಅವಳು. ರಿಪೋಲ್ಟ್‌ನಾಗೆ ಬಂದ್ಬುಟ್ರೆ ನನ್ ಗತಿ ಏನು?”

ಅವರ ಭಯ ಅವರಿಗೆ. ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಇನ್ನೊಂದು. ಆ ತ್ರೀ ಪ್ಲಸ್ ಓಬಳಪ್ಪನವರದ್ದಲ್ಲ ಅಂದಮೇಲೆ ಈರಕ್ಕನದು. ಬಾಗಿಲು ತೆಗೆದು ಅವರನ್ನು ಒಳಕ್ಕೆ ಕರೆದೆ. ಡಬ್ಬಿ ತುಂಬಿಕೊಟ್ಟದ್ದು ಯಾರು ಎಂದು ಕೇಳಿದರೆ, ಅವರು ಮುಚ್ಚುಮರೆಯೇ ಇಲ್ಲದೆ ಒಪ್ಪಿಕೊಂಡರು.

“ನಾನೇ ಕಣಮ್ಮ. ಬತ್ತಾನೇ ಇಲ್ಲ ಕಣೇ, ನೀನೇ ಹೋಗಿ ತುಂಬ್ಕೊಂಡು ಬಾ ಅಂದ. ಗಂಡ ಹೆಂಡ್ತಿ ಒಂದೇ ಮಡಕೇಲಿ ಉಣ್ತೀವಿ, ಒಂದೇ ಬಿಂದಿಗೇಲಿ ನೀರು ಕುಡೀತೀವಿ. ಅವನ್ದು ಬೇರೆ, ನಂದು ಬೇರೆ ಹೆಂಗಾಯ್ತದೆ?”

ಐವತ್ತು ವರ್ಷದ ಸಂಸಾರದ ಲೆಕ್ಕದಲ್ಲಿ ಅದು ಸರಿಯೇ. ಲ್ಯಾಬಿನ ಲೆಕ್ಕದಲ್ಲಿ ಮಾತ್ರ ಅಲ್ಲ. ಈರಕ್ಕನ ಬೆರಳ ತುದಿಗೆ ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿದೆ. ಇನ್ನೂರ ಎಂಬತ್ತಾರು. ಬಾಯಾರಿಕೆ ಆಗುತ್ತಾ, ಪಾದ ಜುಮುಜುಮು ಅನ್ನುತ್ತಾ ಎಂದು ವಿಚಾರಿಸಿದೆ.

“ಊ ಕಣಮ್ಮ. ರಾತ್ರಿಯೆಲ್ಲ ಎದ್ದೆದ್ದು ಹೋಯ್ತೀನಿ. ವಯಸ್ಸಾಯ್ತಲ್ಲ, ಅದಕ್ಕೇ ಅಂದ್ಕಂಡಿದ್ದೆ,” ಅಂದವರು, ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಸಕ್ಕರೆ ಕಾಯ್ಲೆನಾ?”

ಹೌದು, ಹಾಗೇ ಕಾಣುತ್ತದೆ, ಡಾಕ್ಟರಿಗೆ ತೋರಿಸೋಣ. ಮಾತ್ರೆಯಿದೆ, ಪಥ್ಯವಿದೆ, ಹೆದರುವಂಥದ್ದಲ್ಲ ಎಂದೆ. ಇನ್ನೂ ವರ್ಷಗಟ್ಟಲೆ ಗೊತ್ತಾಗದೆ ಹೋಗಿದ್ದರೆ ಕಣ್ಣಿಗೋ ಕಿಡ್ನಿಗೋ ಪೆಟ್ಟು ಬೀಳಬಹುದಿತ್ತು ಎಂಬುದನ್ನೂ ಹೇಳಿದೆ. ಈರಕ್ಕ ಬೆರಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಹೋಗಿ ಕುಳಿತರು. ಓಬಳಪ್ಪ ಮಾತ್ರ ಅಲ್ಲಾಡಲಿಲ್ಲ.

ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ. “ಓಬಳಪ್ಪ, ಮೆಷಿನ್ನಿಗೆ ಕಾಣಿಸಲ್ಲ ಅಂದೆ. ಹಾಗಂತ ಸುಮ್ಮನಿರುವ ಹಾಗಿಲ್ಲ. ಆಪರೇಷನ್ನಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನ ಹೇಳಲೇಬೇಕು,” ಎಂದೆ. ಗಾಂಜಾ ಸೇದುವವರಿಗೆ ಅನಸ್ತೇಷಿಯಾ ಕೊಡುವಾಗ ಔಷಧದ ಪ್ರಮಾಣದಲ್ಲಿ ವ್ಯತ್ಯಾಸವಾಗಬಹುದು, ಹೃದಯದ ಬಡಿತ ಏರುಪೇರಾಗಬಹುದು. ಹೊಗೆಯಿಂದ ಕಫ ಕಟ್ಟಿ ಕೆಮ್ಮಿದರೆ ಹೊಲಿಗೆಗೂ ತೊಂದರೆ. ಡಾಕ್ಟರು ಬೈಯುವುದಕ್ಕೆ ಕೇಳುವುದಲ್ಲ, ಬದುಕಿಸುವುದಕ್ಕೆ ಕೇಳುವುದು. “ನಾನು ಯಾರಿಗೂ ಹೇಳಲ್ಲ. ಅದು ನಿಮ್ಮ ಗುಟ್ಟು, ನೀವೇ ಹೇಳಬೇಕು.”

ಅವರು ಎದ್ದು ಪಂಚೆ ಸರಿಮಾಡಿಕೊಂಡರು. “ನಾನು ಸುಳ್ಳು ಹೇಳಿದ್ದಕ್ಕೇ ಅವಳ ಕಾಯ್ಲೆ ಗೊತ್ತಾಯ್ತು. ಇನ್ನು ನಿಜ ಹೇಳಿದ್ರೆ ಏನೇನು ಗೊತ್ತಾಯ್ತದೋ,” ಎಂದು ಗೊಣಗುತ್ತ, ಮೊದಲು ಹೆಂಡತಿಗೇ ಹೇಳುತ್ತೇನೆಂದು ಬೆಂಚಿನ ಕಡೆ ನಡೆದರು. ನಾನು ಟ್ಯೂಬ್‌ಗಳನ್ನು ಜೋಡಿಸುವ ನೆಪದಲ್ಲಿ ಬಾಗಿಲ ಬಳಿಯೇ ನಿಂತೆ. ಅಟ್ ಮೈ ಏಜ್, ಇಷ್ಟು ಕುತೂಹಲಕ್ಕೆ ಕ್ಷಮೆ ಉಂಟು.

“ಏಯ್, ಇಲ್ಲಿ ಕೇಳು. ನಿನ್ನೆ ನಂದು ಬರಲಿಲ್ಲ ಅಂದಿದ್ದು ಸುಳ್ಳು.”

“ಗೊತ್ತು.”

“ಸೊಪ್ಪು ಸೇದಿದ್ದು ಅದ್ರಾಗೆ ಗೊತ್ತಾಯ್ತದೆ ಅಂತ ಹೆದ್ರಿಕೊಂಡೆ. ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡಿದ ಮ್ಯಾಲೂ ಸೇದಿದೀನಿ ಕಣೇ.”

“ಅದೂ ಗೊತ್ತು ಕಣಯ್ಯ. ನಿನ್ನ ಟವಲ್ಲು ಒಗೆಯೋಳು ಯಾರು?”

ಓಬಳಪ್ಪ ಬೆಂಚಿನ ಮೇಲೆ ಕುಸಿದು ಕೂತರು. “ಮತ್ತೆ ಮಗೀಗೇನಾದ್ರೂ ಆಗಿದ್ರೆ?”

“ಆಗಾಕೆ ನಾನು ಬಿಡ್ತೀನಾ? ನೀನು ಸೇದಿ ಬಂದ ಸೋಮವಾರವೆಲ್ಲ, ಮಗೀ ಫೋಟೋಗೆ ಉಪ್ಪು ಮೆಣಸಿನಕಾಯಿ ನಿವಾಳ್ಸಿ ಒಲೆಗೆ ಹಾಕ್ತಿದ್ದೆ.”

ಓಬಳಪ್ಪ ಬಾಯಿ ತೆರೆದು ಅವರನ್ನೇ ನೋಡಿದರು. “ಅದಕ್ಕೇನೇ ಸೋಮವಾರ ಮನೆಯೆಲ್ಲ ಘಾಟು? ನಾನು ಕೆಮ್ಮಿ ಕೆಮ್ಮಿ, ಸೊಪ್ಪು ಕೆಟ್ಟೈತೆ ಅಂತ ಜೊತೆಗಾರರ ಮ್ಯಾಲೆ ಜಗಳ ಆಡಿದೀನಿ.”

ಸಾಲಿನಲ್ಲಿ ಕಾಯುತ್ತಿದ್ದವರೂ ನಕ್ಕರು. ಮಗಳ ಮನೆಯಲ್ಲೇ ಇದ್ದುಬಿಡುತ್ತೇನೆ ಎಂಬ ಬೆದರಿಕೆ ಏನಾಯಿತು ಎಂದು ನಾನೇ ಈರಕ್ಕನನ್ನು ಕೇಳಿದೆ. “ನಾನು ಬಿಟ್ಟೋದ್ರೆ ಸೋಮವಾರ ಒಂದೇ ಯಾಕೆ, ವಾರವೆಲ್ಲ ಸೇದ್ತಾನೆ,” ಅಂದರು.

ಬೆಂಚಿನ ಮೇಲೆಯೇ ಇಬ್ಬರಲ್ಲೂ ಹೊಸ ಒಪ್ಪಂದವಾಯಿತು. ಅವರು ಸೊಪ್ಪು ಬಿಡಬೇಕು, ಇವರು ಬೆಲ್ಲ ಬಿಡಬೇಕು. ಮುದ್ದೆಯ ಜೊತೆ ಬೆಲ್ಲ ನಂಜಿಕೊಳ್ಳದೆ ಈರಕ್ಕ ಒಂದು ದಿನವೂ ಉಂಡವರಲ್ಲ ಎಂದು ಓಬಳಪ್ಪ ನನಗೆ ಚಾಡಿ ಹೇಳಿದರು. ಈ ಸಲ ಮಗುವಿನ ತಲೆಯ ಮೇಲೆ ಕೈಯಿಡುವುದು ಬೇಡ ಎಂದು ನಾನು ಅಡ್ಡ ಬಾಯಿ ಹಾಕಿದೆ. ಅವರಿಗೂ ಅದೇ ಸರಿ ಅನ್ನಿಸಿತು.

ಓಬಳಪ್ಪ ಅಂದೇ ತಮ್ಮದೇ ಸ್ಯಾಂಪಲ್ ಕೊಟ್ಟರು. ಸಕ್ಕರೆ ನಿಲ್, ಪ್ರೋಟೀನ್ ನಿಲ್. ಅನಸ್ತೇಷಿಯಾ ಡಾಕ್ಟರಿಗೆ ಅವರೇ ಎಲ್ಲ ಹೇಳಿದರು. ಆ ಡಾಕ್ಟರು ತೆಲುಗಿನಲ್ಲಿ “ಮಂಚಿ ಪನಿ ಚೇಸಾವು ಪೆದ್ದಾಯನಾ,” ಒಳ್ಳೆ ಕೆಲಸ ಮಾಡಿದೆ ಯಜಮಾನ, ಎಂದು ಬೆನ್ನು ತಟ್ಟಿದರಂತೆ. ಎದೆಯ ಕಫ ಹೋಗಲಿ ಎಂದು ಆಪರೇಷನ್ನನ್ನು ಕೆಲವು ವಾರ ಮುಂದೆ ಹಾಕಿದರು. ಆಮೇಲೆ ಎಲ್ಲವೂ ಸಲೀಸಾಗಿ ಆಯಿತು.

ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು, ಗರ್ಲ್ಸ್, ಹೆದರಿದವರನ್ನು ಮೊದಲು ಕೂರಿಸಿ, ಆಮೇಲೆ ಪ್ರಶ್ನೆ ಕೇಳಿ ಎನ್ನುತ್ತಿದ್ದರು. ಅವರು ಈಗಿಲ್ಲ. ಇದ್ದಿದ್ದರೆ, ನಿಮ್ಮ ಮಾತು ಅರ್ಥವಾಗಲು ನನಗೆ ಇಡೀ ಸರ್ವಿಸ್ ಬೇಕಾಯಿತು ಎಂದು ಹೇಳುತ್ತಿದ್ದೆ. ಟೆಸ್ಟು ತನಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಉಳಿದದ್ದನ್ನು ಮನುಷ್ಯರನ್ನೇ ಕೇಳಬೇಕು, ಅದೂ ಅವರು ಹೇಳಬಹುದಾದಂಥ ದನಿಯಲ್ಲಿ. ಅಂದಿನಿಂದ ಡಬ್ಬಿ ಕೊಡುವಾಗ, ಈ ಟೆಸ್ಟಿನಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ ಅಂತ ಹೇಳಿ, ಏನಾದರೂ ಭಯ ಇದೆಯಾ ಎಂದು ಕೇಳುವುದು ನನ್ನ ಅಭ್ಯಾಸ. ಯಾರೋ ನಿನ್ನೆ ಕುಡಿದದ್ದನ್ನು ಹೇಳುತ್ತಾರೆ, ಯಾರೋ ನಾಟಿ ವೈದ್ಯರ ಪುಡಿಯ ಪೊಟ್ಟಣ ತೆಗೆದು ತೋರಿಸುತ್ತಾರೆ. ಎಲ್ಲರಿಗೂ ಒಬ್ಬೊಬ್ಬ ಜೊತೆಗಾರ ಇದ್ದೇ ಇರುತ್ತಾನೆ, ಅದೇ ಕಾಯಿಲೆಯವನು.

ಮಾತ್ರೆ ಶುರುವಾಗಿ ಕೆಲವು ತಿಂಗಳ ಮೇಲೆ ಈರಕ್ಕ ಶುಗರ್ ನೋಡಿಸಲು ಬಂದರು. ನಡೆದು ನಡೆದು ತೆಳ್ಳಗಾಗಿದ್ದರು. ಬಾತ್‌ರೂಮಿನ ಬಾಗಿಲ ಮುಂದೆ ಓಬಳಪ್ಪ ಕೈಕಟ್ಟಿ ಕಾವಲು ನಿಂತಿದ್ದರು, ಇನ್ಯಾರೂ ಒಳಗೆ ನುಗ್ಗದಂತೆ. ಈರಕ್ಕ ಹೊರಗೆ ಬಂದು, ಡಬ್ಬಿಯನ್ನು ನನ್ನ ಟ್ರೇಯಲ್ಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು.

“ಇದು ನಂದೇ ಕಣಮ್ಮ, ಲ್ಯಾಬಮ್ಮ,” ಅಂದರು. “ಇವನು ತನ್ನದು ಕೊಡ್ತೀನಿ ಅಂದ. ಬೆಲ್ಲ ತಿಂದಿದ್ದೆ, ಆದ್ರೂ ಬ್ಯಾಡ ಅಂದೆ.”