ಹಿಂದಿನ ಕೋಣೆಯ ಸದ್ದು

ಬೀದಿಯವರೆಲ್ಲ ಅವಳನ್ನು ಪರದೆ ಅತ್ತಿಗೆ ಎಂದೇ ಕರೆಯುತ್ತಾರೆ. ಮೊದಲು ಹಾಗೆ ಕರೆದವನು ಮೈದುನ, ತಮಾಷೆಗೆ. ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆಯ ಬೋಳು ಕಿಟಕಿಗಳಿಗೆ ಅವಳು ಪರದೆ ಹೊಲಿದಳು. ಎದುರುಮನೆಯವರು ನೋಡಿ ತಮಗೂ ಬೇಕೆಂದರು. ಆಮೇಲೆ ಕೈ ನಿಲ್ಲಲಿಲ್ಲ. ಹೋಟೆಲು, ಶಾಲೆಯ ಸಭಾಂಗಣ, ಹಲ್ಲಿನ ಡಾಕ್ಟರ ಕೋಣೆ, ಎಲ್ಲ ಕಡೆಯ ಕಿಟಕಿಗಳಲ್ಲೂ ಅವಳ ಹೊಲಿಗೆ ಇದೆ. ಮಕ್ಕಳ ಓದು ಆ ಹೊಲಿಗೆ ಮಿಷನ್ನಿನ ಮೇಲೆಯೇ ನಡೆಯಿತು ಎಂಬುದನ್ನು ಮನೆಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಬಾಯಿಬಿಟ್ಟು ಹೇಳುವುದೂ ಇಲ್ಲ. "ಅವಳಿಗೂ ಹೊತ್ತು ಹೋಗ್ಬೇಕಲ್ಲ" ಎನ್ನುತ್ತಾನೆ ಗಂಡ.

ಗಂಡನದು ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸ. ಅಂಗಡಿ ತಾನಾಗಿ ಸುಟ್ಟಿತೋ, ಮಾಲೀಕನೇ ಸುಟ್ಟನೋ. ಕಾರು ನಿಜವಾಗಿ ಕಳುವಾಯಿತೋ, ಯಾರದೋ ಶೆಡ್ಡಿನಲ್ಲಿ ನಿಂತಿದೆಯೋ. ನಂಬದೆ ಇರುವುದಕ್ಕೇ ಅವನಿಗೆ ಸಂಬಳ. ಮನೆಗೆ ಬಂದ ಮೇಲೂ ಆ ಕೆಲಸ ಮೈಬಿಡುವುದಿಲ್ಲ. ಡಬ್ಬಿಯಲ್ಲಿ ಸಕ್ಕರೆ ಇಳಿದಿದ್ದರೂ ಅವನಿಗೆ ಕಾರಣ ಬೇಕು.

ಹೋದ ವರ್ಷ ಅವನು ಮುಂದಿನ ಕೋಣೆಗೆ ಆಳೆತ್ತರದ ಎರಡು ಸ್ಪೀಕರ್ ತಂದ. ಅವುಗಳ ಜೊತೆಗೇ ಮನೆಗೆ ಹೊಸ ಕಾನೂನುಗಳೂ ಬಂದವು. ಅವನು ಕೇಳುವಾಗ ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು, ನಲ್ಲಿಯ ಕೆಳಗೆ ಪಾತ್ರೆ ಬಡಿಯಬಾರದು. ಕಿಟಕಿ ಗಾಜಿಗೆ ಸದ್ದು ಬಡಿದು ವಾಪಸ್ಸು ಬರುತ್ತದೆ, ದಪ್ಪ ಪರದೆ ಬೇಕು ಎಂದ, ಹೊಲಿದಳು. ತಬಲಾ ಊದಿಕೊಂಡ ಹಾಗೆ ಕೇಳುತ್ತದೆ ಎಂದ. ಬಿಚ್ಚಿ ತೆಳುವಾಗಿ ಹೊಲಿದಳು. ಈಗ ಹಾಡುವವಳ ದನಿ ಕಿವಿಗೆ ಚುಚ್ಚುತ್ತಿದೆ ಎಂದ. ಪರದೆಯ ಹಿಂದೆ ಇನ್ನೊಂದು ಪದರ ಬಟ್ಟೆ ಕೊಟ್ಟು ಮತ್ತೆ ಹೊಲಿದಳು. ಸ್ಪೀಕರುಗಳ ತಲೆಯ ಮೇಲಿನ ಧೂಳು ಒರೆಸುವುದು ಅವಳ ಪಾಲಿನದು, ಗುಂಡಿ ತಿರುಗಿಸುವುದು ಅವನ ಪಾಲಿನದು.

ಇಷ್ಟಾದರೂ ಸ್ಪೀಕರುಗಳ ಹೊಟ್ಟೆ ತುಂಬಲಿಲ್ಲ. ಹಳೆಯ ಆಂಪ್ಲಿಫೈಯರಿಗೆ ಅವುಗಳನ್ನು ದುಡಿಸುವ ತಾಕತ್ತಿಲ್ಲ, ಬೇರೆಯೇ ಒಂದು ಪವರ್ ಆಂಪ್ಲಿಫೈಯರ್ ಬೇಕು ಎಂದು ಅಂಗಡಿಯವನು ಹೇಳಿದ. ಮನೆಯಲ್ಲೇ ಕೇಳಿ ಆರಿಸಿಕೊಳ್ಳಿ ಎಂದು ಎರಡನ್ನು ಕಳಿಸಿಕೊಟ್ಟ. ಒಂದನ್ನು ಇಬ್ಬರು ಆಳುಗಳು ಏದುಸಿರು ಬಿಡುತ್ತ ಹೊತ್ತು ತಂದರು. ಹಚ್ಚಿದ ಸ್ವಲ್ಪ ಹೊತ್ತಿಗೆ ಅದು ಇಸ್ತ್ರಿಪೆಟ್ಟಿಗೆಯಂತೆ ಕಾಯುತ್ತಿತ್ತು. ಇನ್ನೊಂದು ದಪ್ಪ ಪುಸ್ತಕದಷ್ಟಿತ್ತು, ಬೆಚ್ಚಗೂ ಆಗುತ್ತಿರಲಿಲ್ಲ.

"ಇದೇನು ಆಂಪ್ಲಿಫೈಯರಾ, ಊಟದ ಡಬ್ಬಿನಾ" ಎಂದು ಗಂಡ ಚಿಕ್ಕದನ್ನು ಹಚ್ಚಿಯೂ ನೋಡದೆ ಬದಿಗಿಟ್ಟ.

"ಕೂತ್ಕೊಂಡು ಕೇಳೋದಕ್ಕೆ ಅಷ್ಟು ಭಾರದ್ದು ಯಾಕೋ?" ಎಂದರು ನಡುಕೋಣೆಯ ಮಂಚದಿಂದ ಅತ್ತೆ. "ಕದ್ಕೊಂಡು ಹೋಗೋ ಕಳ್ಳನ ಸೊಂಟ ಮುರೀಲಿ ಅಂತಲಾ?"

ದೊಡ್ಡದು ಹಾಡನ್ನು ಚೆನ್ನಾಗಿಯೇ ಹಾಡಿಸಿತು. ಆದರೆ ಹಾಡು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಹಿಂದಿನಿಂದ ಸಣ್ಣಗೆ ಗುಂಯ್ ಎಂದು ಕೇಳುತ್ತಿತ್ತು. ಗಂಡ ಅಂಗಡಿಗೆ ಫೋನು ಮಾಡಿದ.

"ನಮ್ಮ ಪೀಸಲ್ಲಿ ತಕರಾರಿಲ್ಲ ಸರ್" ಎಂದ ಅಂಗಡಿಯವನು. "ನಿಮ್ಮನೆ ಕರೆಂಟಲ್ಲೇ ಕೊಳೆ ಇರ್ಬೇಕು. ಮೋಟರ್ ಇರೋ ಸಾಮಾನು ಯಾವ್ಯಾವುದಿದೆ ನೋಡಿ."

ಅಲ್ಲಿಂದ ತನಿಖೆ ಶುರುವಾಯಿತು. ಮೊದಲು ಫ್ರಿಜ್ ಆರಿಸಿದ. ಗುಂಯ್ ಹೋಗಲಿಲ್ಲ, ಹಾಲು ಹೋಯಿತು. ಒಡೆದ ಹಾಲಿನ ಪಾತ್ರೆಯನ್ನು ಉಜ್ಜಿದವಳು ಅವಳು. ನೀರಿನ ಪಂಪು ನಿರಪರಾಧಿ ಎಂದು ಗೊತ್ತಾಯಿತು. ಕೊನೆಗೆ ಅವಳು ಹೊಲಿಯುತ್ತಿದ್ದ ಹಿಂದಿನ ಕೋಣೆಯ ಬಾಗಿಲಲ್ಲಿ ಅವನು ಬಂದು ನಿಂತ.

"ಏನೇ, ಈ ಮಿಷನ್ನಿಗೆ ಮೋಟರ್ ಹಾಕ್ಸಿದ್ದು ಯಾವಾಗ?"

"ಮಗಳು ಹೈಸ್ಕೂಲಲ್ಲಿದ್ದಾಗ. ನೀವೂ ಜೊತೆಗೆ ಬಂದಿದ್ರಲ್ಲ."

"ಅದೇ ಮತ್ತೆ. ನಾನಿಲ್ಲದಾಗ ಹೊಲ್ಕೋ, ಸಂಜೆ ಬೇಡ."

"ನೀವಿಲ್ಲದಾಗ ಅಡುಗೆ, ಬಟ್ಟೆ, ಅತ್ತೆ ಸ್ನಾನ. ನನಗೆ ಸಿಗೋದು ಸಂಜೆ ಒಂದೇ. ಆಸ್ಪತ್ರೆ ಪರದೆ ಈ ತಿಂಗಳೊಳಗೆ ಕೊಡ್ಬೇಕು. ಇಲ್ಲದಿದ್ರೆ ಆ ಕೆಲಸ ಫ್ಯಾಕ್ಟರಿಗೆ ಹೋಗುತ್ತೆ, ಇನ್ನೊಂದ್ಸಲ ನನ್ನ ಕಡೆ ತಿರುಗಿಯೂ ನೋಡಲ್ಲ ಅವರು."

"ಹೋದ್ರೆ ಆಕಾಶವೇನೂ ಕಳಚಿ ಬೀಳಲ್ಲ."

ಮರುದಿನ ಮೊಳೆಗೆ ತೂಗುಹಾಕಿದ್ದ ಅವಳ ಅಳತೆ ಟೇಪು ಅಲ್ಲಿರಲಿಲ್ಲ. ಹುಡುಕಿದರೆ ಹಿಂದಿನ ಕೋಣೆಯ ಕಿಟಕಿಯ ಮೇಲೆ ಸಿಕ್ಕಿತು. ಗೋಡೆಯ ಮೇಲೆ, ಕುರ್ಚಿಯಲ್ಲಿ ಕೂತವರ ಕಿವಿಯ ಎತ್ತರಕ್ಕೆ, ಪೆನ್ಸಿಲಿನ ಗುರುತುಗಳಿದ್ದವು. ಹೊಲಿಯುವವರು ಯಾರೂ ಗೋಡೆಗೆ ಗುರುತು ಹಾಕುವುದಿಲ್ಲ.

"ನಿನ್ನ ಗಂಡನೇ ಅಳೀತಿದ್ದ" ಎಂದರು ಅತ್ತೆ. "ನನ್ನನ್ನೂ ಅಳೀತಾನೇನೋ ಅಂತ ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಹಿಂದಿನ ಕೋಣೇಲಿ ಬೀದಿ ಗಲಾಟೆ ಇಲ್ಲ, ಇಲ್ಲೇ ಚೆನ್ನ ಅಂತ ಫೋನಲ್ಲಿ ಯಾರಿಗೋ ಹೇಳ್ತಿದ್ದ."

ಅವಳು ಗೋಡೆಯ ಗುರುತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಒರೆಸಿದ ಮೇಲೂ ಅಲ್ಲೇ ಇದ್ದಂತೆ ಕಂಡವು. ಮೋಟರು ಬರೀ ನೆಪವೇ? ಇಷ್ಟು ವರ್ಷ ಜೊತೆಗಿದ್ದವನ ಬಗ್ಗೆ ಹೀಗೆ ಯೋಚಿಸಬಾರದು ಎಂದುಕೊಂಡಳು. ಯೋಚಿಸುತ್ತಲೇ ಇದ್ದಳು.

ನೆಪವಾದರೂ ಸರಿ, ನಿಜವಾದರೂ ಸರಿ, ಕೆಲಸ ನಿಲ್ಲಬಾರದಿತ್ತು. ಅವಳು ತಿರುಪು ಬಿಚ್ಚಿ ಮೋಟರನ್ನು ತೆಗೆದು, ಹಳೆ ಬಟ್ಟೆಯಲ್ಲಿ ಸುತ್ತಿ, ಅತ್ತೆಯ ಮಂಚದ ಕೆಳಗಿಟ್ಟಳು. ಮಿಷನ್ನಿನ ಕೆಳಗಿನ ಕಬ್ಬಿಣದ ಪೆಡಲು ಇನ್ನೂ ಗಟ್ಟಿಯಾಗಿತ್ತು. ಹಳೆಯ ಚರ್ಮದ ಬೆಲ್ಟು ಬಿಗಿದು ಕಾಲಿನಿಂದಲೇ ತುಳಿಯತೊಡಗಿದಳು. ಮಂಡಿಗಳು ಮುನಿಸಿಕೊಂಡವು. ಗಂಡನಿಗೆ ಹೇಳಲೂ ಹೋದಳು.

"ರೀ, ಮಿಷನ್ನಿನ ಮೋಟರು..."

"ಆಮೇಲೆ ಹೇಳೇ. ಪಿಟೀಲು ಬರ್ತಿದೆ" ಎಂದು ಕಣ್ಣು ಮುಚ್ಚಿಯೇ ಕೈಯೆತ್ತಿದ.

ಅವಳು ವಾಪಸ್ಸು ಹೋಗಿ ತುಳಿಯಲು ಕೂತ ಕೂಡಲೇ ಮುಂದಿನ ಕೋಣೆಯಿಂದ ದನಿ ಬಂತು. "ಶುರು ಮಾಡಿದ್ಯಲ್ಲ. ಪಿಟೀಲಿನ ಮೇಲೆ ಮರಳು ಸುರಿದ ಹಾಗೆ ಆಗ್ತಿದೆ ಕಣೇ."

ಕಾಲು ನಿಲ್ಲಿಸಿದಳು.

"ಹಾಂ, ಈಗ ತಿಳಿಯಾಯ್ತು."

ಪೆಡಲಿನ ಕಟಕಟ ಗೋಡೆ ದಾಟುತ್ತಿರಬಹುದು ಎಂದು ಅವಳಿಗೂ ಅನುಮಾನವಾಯಿತು. ಮರುದಿನ ಮಿಷನ್ ಮುಚ್ಚಿಟ್ಟು, ನೆಲದ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಿಂದ ಬರೀ ಗೆರೆ ಎಳೆಯುತ್ತ ಕೂತಳು. "ನಿಲ್ಸೇ ಅದನ್ನ" ಎಂದು ಅವನು ಕೂಗಿದ. ಅದರ ಮರುದಿನ ಅಡುಗೆಮನೆಗೆ ಹೋಗುತ್ತೇನೆಂದು ಅವನಿಗೆ ಕೇಳುವಂತೆ ಹೇಳಿ, ಹಿಂದಿನ ಬಾಗಿಲಿನಿಂದ ಬಂದು ಒಂದಿಡೀ ಪರದೆಯ ಅಂಚು ತುಳಿದು ಮುಗಿಸಿದಳು. "ನೋಡು, ನೀನು ಆ ಕಡೆ ಹೋದ್ರೆ ಎಷ್ಟು ಸ್ವಚ್ಛ" ಎಂದು ಅವನು ಮೆಚ್ಚಿಕೊಂಡ.

ಅತ್ತೆ ಎಲ್ಲವನ್ನೂ ಮಂಚದಿಂದಲೇ ನೋಡುತ್ತಿದ್ದರು. "ಇಲ್ಲದ ಮೋಟರು ಕೇಳ್ಸುತ್ತೆ ಅಂದ್ರೆ ಅದು ಕಿವಿ ಕಾಯಿಲೆ ಅಲ್ಲ ಕಣೇ" ಎಂದರು. "ನೀನು ಆ ಕೋಣೇಲಿ ಕೂತಿರೋದೇ ಅವನಿಗೆ ಕೇಳ್ಸೋದು."

ಭಾನುವಾರ ಅಂಗಡಿಯವನು ಬಂದ. ಕಾಫಿ ಕುಡಿಯುತ್ತ ಹಿಂದಿನ ಕೋಣೆಗೆ ಇಣುಕಿದ. "ಒಳ್ಳೆ ಅಳತೆ ಸರ್. ಈ ಬಟ್ಟೆಬರೆ ತೆಗೆಸಿದ್ರೆ ಸ್ಪೀಕರ್ ಇಲ್ಲೇ ಕೂರಿಸಿಬಿಡ್ತೀನಿ. ಮೋಟರಿನ ಕಾಟಾನೂ ಹೋಯ್ತು."

"ನೀವೇ ಒಂದ್ಸಲ ಕೇಳಿ" ಎಂದ ಗಂಡ. ಅವಳ ಕಡೆ ತಿರುಗಿ, "ಹೋಗು, ನಾನು ಕೂಗಿದಾಗ ಓಡಿಸು" ಎಂದ.

ಅವಳು ಹೋಗಿ ಕೂತಳು. ಕೂಗಿದಾಗ ತುಳಿದಳು.

"ಕೇಳಿಸ್ತಾ?" ಎಂದ ಗಂಡ.

"ಕೇಳಿಸದೆ ಏನು ಸರ್. ಪಕ್ಕಾ ಮೋಟರಿಂದೇ."

ಅವಳು ಎದ್ದು, ಅತ್ತೆಯ ಮಂಚದ ಕೆಳಗಿನಿಂದ ಗಂಟನ್ನು ತೆಗೆದು, ತಂದು ಕಾಫಿ ಲೋಟಗಳ ನಡುವೆ ಬಿಚ್ಚಿಟ್ಟಳು. ಮೋಟರಿನ ವೈರು ನೀಟಾಗಿ ಸುತ್ತಿತ್ತು. ಸ್ಪೀಕರುಗಳು ಗುಂಯ್ ಎನ್ನುತ್ತಲೇ ಇದ್ದವು.

"ಇದನ್ನ ಯಾವಾಗ ತೆಗೆದೆ?" ಗಂಡನ ದನಿಯಲ್ಲಿ ಆಫೀಸಿತ್ತು.

"ನೀವು ಗೋಡೆ ಅಳೆದ ದಿನ."

"ಅಂದ್ರೆ ನನ್ನನ್ನ ಪರೀಕ್ಷೆ ಮಾಡ್ತಿದ್ದೆ."

"ಮೊದಲ ದಿನ ಹೇಳೋಕೆ ಬಂದೆ. ಪಿಟೀಲು ಬರ್ತಿತ್ತು. ಆಮೇಲೆ, ಹೌದು."

ಅಂಗಡಿಯವನು ಕಣ್ಣು ಎಲ್ಲಿಡುವುದೆಂದು ತಿಳಿಯದೆ ಕಿಟಕಿಯ ಕಡೆ ನೋಡಿದ. "ಪರದೆ ಚೆನ್ನಾಗಿವೆ. ಎಲ್ಲಿ ಮಾಡ್ಸಿದ್ರಿ?" ಉತ್ತರಕ್ಕೆ ಕಾಯದೆ ಅವನು ಲೋಟ ಕೆಳಗಿಟ್ಟು, ದೊಡ್ಡ ಆಂಪ್ಲಿಫೈಯರಿನ ವೈರು ಬಿಚ್ಚಿ ಚಿಕ್ಕದಕ್ಕೆ ಸಿಕ್ಕಿಸಿದ. ಹಾಡು ನಿಂತ ಜಾಗದಲ್ಲಿ ಈಗ ಏನೂ ಇರಲಿಲ್ಲ.

"ದೊಡ್ಡದರಲ್ಲೇ ಸ್ವಲ್ಪ ಏನೋ ಇತ್ತು ಅನ್ಸುತ್ತೆ ಸರ್. ಇದನ್ನೇ ಇಟ್ಕೊಳ್ಳಿ" ಎಂದು ಅವನು ಆದಷ್ಟು ಬೇಗ ಚಪ್ಪಲಿ ಮೆಟ್ಟಿಕೊಂಡ.

ಗಂಡ ಚಿಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟು, ತಣ್ಣಗಿರುವುದನ್ನು ನಂಬದವನಂತೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

"ಆ ಕೋಣೆ ಬೇಕಿದ್ರೆ ಬೇಕು ಅಂತ ಕೇಳ್ಬಹುದಿತ್ತಲ್ಲ" ಎಂದಳು ಅವಳು.

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

ಮರುದಿನ ಅವಳು ಕರೆಸಿದ ಬಡಗಿ ಬಂದು ಹಿಂದಿನ ಕೋಣೆಯ ಬಾಗಿಲಿಗೆ ಒಳಚಿಲಕ ಹಾಕಿಕೊಟ್ಟ. ಇದು ಯಾಕೆ ಎಂದು ಗಂಡ ಕೇಳಿದ. ಸದ್ದು ಆಚೆ ಬರದ ಹಾಗೆ ಎಂದು ಹೇಳಿ ಅವಳು ಬಾಗಿಲು ಹಾಕಿಕೊಂಡಳು. ಆಸ್ಪತ್ರೆಯ ಪರದೆಗಳಲ್ಲಿ ಇನ್ನೂ ಅರ್ಧ ಬಾಕಿಯಿದ್ದವು.