ಪ, ಬ, ಮ

ಶಾಲೆಯ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಒತ್ತಕ್ಷರ ಟೀಚರ್. ಇಪ್ಪತ್ತೇಳು ವರ್ಷದಿಂದ ಭಾಷೆ ಕಲಿಸುತ್ತಿದ್ದವರು. ಎಲ್ಲಿ ಒಂದು ಒತ್ತು ಜಾರಿದರೂ ಅವರ ಕೆಂಪು ಪೆನ್ನಿನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಈ ಅಡ್ಡಹೆಸರು ಮೊದಲ ಸಲ ಕಿವಿಗೆ ಬಿದ್ದ ದಿನ ಮನೆಗೆ ಹೋಗಿ ತಂಗಿಗೆ ಹೇಳಿದ್ದರು. “ಸದ್ಯ, ದೀರ್ಘ ಅಂತ ಇಡ್ಲಿಲ್ವಲ್ಲ, ಅಷ್ಟುದ್ದ ಎಲ್ಲಿದೀಯ ನೀನು” ಅಂದಿದ್ದಳು ಅವಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಅಕ್ಕ ತಂಗಿ ಇಬ್ಬರೂ ಮದುವೆಯಾಗಿರಲಿಲ್ಲ. ಮಹಡಿ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೇ ಇದ್ದರು. ತಂಗಿ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಅವಳಿಗೆ ನಲವತ್ತಾರು ವರ್ಷವಾದಾಗ, ಬಸ್ ಡಿಪೋದ ಗುಮಾಸ್ತರೊಬ್ಬರು ಪ್ಯಾಂಟು ಸಣ್ಣ ಮಾಡಿಸಲು ಬಂದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದ್ದ ಮನುಷ್ಯ. ಪ್ಯಾಂಟು ಸರಿಹೋದ ಮೇಲೂ ಬರುವುದನ್ನು ಬಿಡಲಿಲ್ಲ. ಆಮೇಲೆ ಅವರಿಗೆ ಆರು ಗಂಟೆಯ ದಾರಿಯಷ್ಟು ದೂರದ ಊರಿಗೆ ವರ್ಗವಾಯಿತು. ಮದುವೆಯಾಗಿ ತಂಗಿಯೂ ಜೊತೆಗೆ ಹೊರಟಳು.

ಇಷ್ಟು ತಡವಾಗಿಯಾದರೂ ಒಳ್ಳೆಯದಾಯಿತಲ್ಲ ಎಂದು ಎಲ್ಲರೂ ಹೇಳಿದರು. ಟೀಚರ್ ಕೂಡ ಹಾಗೇ ಹೇಳಿದರು, ಮನಸಾರೆ ಹೇಳಿದರು. ಹೊಲಿಗೆ ಮಿಷನ್ ಕೆಳಗಿಳಿಸುವಾಗ ತಾವೇ ಒಂದು ಕೈ ಹಿಡಿದರು. ಮಿಷನ್ ಹೋದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಪ್ಪು ಗುರುತು ಉಳಿದವು. ಅವನ್ನು ಉಜ್ಜಿ ತೊಳೆದರು. ಹೋಗಲಿಲ್ಲ, ಬಿಟ್ಟರು.

ಅಳು ಬರಲಿಲ್ಲ. ಸಂತೋಷದ ವಿಷಯಕ್ಕೆ ಅಳುವುದಾದರೂ ಯಾಕೆ? ಅಳು ಮಾತ್ರವಲ್ಲ, ಯಾವುದೂ ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಅವರಿಗೆ ಒಳಗೆಲ್ಲ ಹಾಗಾಗಿತ್ತು. ತಂಗಿ ಪ್ರತಿ ಭಾನುವಾರ ಫೋನ್ ಮಾಡಿ ಹೇಗಿದೀಯಾ ಎಂದು ಕೇಳುವಳು. ಚೆನ್ನಾಗಿದೀನಿ ಎಂದು ಇವರು ಹೇಳುವರು. ಅದರಾಚೆಗೆ ಮಾತು ಹರಿಯುತ್ತಿರಲಿಲ್ಲ.

ಶಾಲೆಯಲ್ಲಿ ಯಾರು ಯಾವ ಕೆಲಸ ಬೇಡವೆಂದರೂ ಟೀಚರ್ ಮೈಮೇಲೆ ಎಳೆದುಕೊಳ್ಳತೊಡಗಿದರು. ವೇಳಾಪಟ್ಟಿ, ಮೂರು ತರಗತಿಗಳ ಪ್ರಶ್ನೆಪತ್ರಿಕೆ, ವಾರದ ಪಾಠಯೋಜನೆ, ತಮ್ಮ ಐದನೇ ತರಗತಿಯ ನಲವತ್ತೆಂಟು ಮಕ್ಕಳ ಪ್ರಗತಿಪತ್ರ, ಎಲ್ಲವೂ ಅವರದೇ. ಸಂಜೆ ಎರಡು ಚೀಲದ ತುಂಬ ನೋಟ್‌ಬುಕ್ಕು ಹೊತ್ತು ಮನೆಗೆ ಹೋಗುವರು. ತಲೆ ಎತ್ತಲು ಪುರಸೊತ್ತಿಲ್ಲ ಎನ್ನುವರು. ಪುರಸೊತ್ತು ಇಲ್ಲದಿರುವುದೇ ಅವರಿಗೆ ಬೇಕಾಗಿತ್ತು ಎನ್ನುವುದು ಯಾರಿಗೂ ಹೊಳೆಯಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಅವರ ಎದುರಿನ ಕುರ್ಚಿ ಲೆಕ್ಕದ ಮೇಷ್ಟ್ರದು. ಮೂವತ್ತು ದಾಟಿದ, ಬಾಯಿ ಸುಮ್ಮನಿರದ ಮನುಷ್ಯ. ಟೀಚರ ಮುಂದಿನ ಚಹಾ ದಿನಾ ಕೆನೆಗಟ್ಟಿ ತಣ್ಣಗಾಗುವುದನ್ನು ಒಂದು ತಿಂಗಳು ನೋಡಿದರು.

“ಟೀಚರ್, ಹಿಂಗೇ ಆದ್ರೆ ನೀವು ಹಾಸಿಗೆ ಹಿಡೀತೀರಿ. ಕೊಡಿ ಇಲ್ಲಿ ಮೊಬೈಲು,” ಅಂದರು.

ಅವರೇ ಅದರಲ್ಲಿ ಎಐ ಹಾಕಿಕೊಟ್ಟರು. ಕೇಳುವುದು ಹೇಗೆಂದು ತೋರಿಸಿದರು. ಬರೀ ಪ್ರಶ್ನೆಪತ್ರಿಕೆ ಬೇಕು ಎಂದರೆ ಏನೋ ಒಂದು ಕೊಡುತ್ತದೆ. ಯಾವ ತರಗತಿ, ಯಾವ ಪಾಠ, ಎಷ್ಟು ಅಂಕ, ಎಷ್ಟು ಸುಲಭ ಎಷ್ಟು ಕಷ್ಟ ಎಂದು ಬಿಡಿಸಿ ಹೇಳಿದರೆ ಕೆಲಸಕ್ಕೆ ಬರುವಂಥದ್ದು ಕೊಡುತ್ತದೆ. ಮಕ್ಕಳ ಹೆಸರು ಮಾತ್ರ ಅದರೊಳಗೆ ಬರೆಯಬೇಡಿ, ಹಾಜರಿ ನಂಬರೂ ಬೇಡ ಎಂದು ಎರಡೆರಡು ಸಲ ಎಚ್ಚರಿಸಿದರು. ಮೊದಲ ದಿನ ಅದು ಕೊಟ್ಟ ಇಪ್ಪತ್ತು ಪ್ರಶ್ನೆಗಳಲ್ಲಿ ಎರಡು ಆ ಪಾಠದಲ್ಲಿ ಇಲ್ಲದವು. ಇನ್ನೊಂದರಲ್ಲಿ ಒತ್ತು ತಪ್ಪಿತ್ತು. ಟೀಚರ್ ಅಚ್ಚು ಹಾಕಿಸಿ ಅದಕ್ಕೂ ಕೆಂಪು ಸುತ್ತು ಎಳೆದರು. ಇನ್ನು ಎಐಗೂ ಟೀಚರ ಭಯ ಶುರುವಾಯ್ತು ಎಂದು ಸ್ಟಾಫ್ ರೂಮಿನವರೆಲ್ಲ ನಕ್ಕರು. ಟೀಚರ್ ಎಲ್ಲರ ಜೊತೆ ಬಾಯಿ ಅಗಲಿಸಿದರು.

ಮೂರು ವಾರದಲ್ಲಿ ಕೈ ಪಳಗಿತು. ಭಾನುವಾರವೆಲ್ಲ ನುಂಗುತ್ತಿದ್ದ ಪಾಠಯೋಜನೆ, ತಿದ್ದುಪಡಿಯೂ ಸೇರಿ ಅರ್ಧ ಗಂಟೆಗೆ ಮುಗಿಯತೊಡಗಿತು. ಸಂಜೆ ಐದಕ್ಕೆಲ್ಲ ಚೀಲ ಖಾಲಿ. ಲೆಕ್ಕದ ಮೇಷ್ಟ್ರು ಆರಾಮಾಯ್ತಲ್ಲ ಟೀಚರ್ ಎಂದು ಕೇಳಿದಾಗ ಹೌದಪ್ಪ, ದೊಡ್ಡ ಉಪಕಾರ ಮಾಡಿದಿ ಎಂದರು. ಆದರೆ ಮನೆಗೆ ಹೋಗಿ ಕುರ್ಚಿಯಲ್ಲಿ ಕೂತರೆ ಮುಂದೇನು ಎಂದು ತಿಳಿಯುತ್ತಿರಲಿಲ್ಲ. ಎದುರು ಮನೆಯವರು ತಂತಿಯಿಂದ ಬಟ್ಟೆ ತೆಗೆಯುವರು, ಮಡಚುವರು, ಒಳಗೆ ಹೋಗುವರು. ಇವರು ಅದನ್ನೇ ನೋಡುತ್ತ ಕೂತಿರುವರು. ಬೇಸರವೂ ಇಲ್ಲ, ಏನೂ ಇಲ್ಲ.

ಅರ್ಧವಾರ್ಷಿಕ ಪರೀಕ್ಷೆಯಾಯಿತು, ಪ್ರಗತಿಪತ್ರದಲ್ಲಿ ಷರಾ ಬರೆಯುವ ಕಾಲ ಬಂತು. ಪ್ರತಿ ಮಗುವಿನ ಬಗ್ಗೆ ಮೂರು ಸಾಲು. ಹಿಂದೆಲ್ಲ ಅದಕ್ಕೆ ಒಂದು ವಾರ ಹಿಡಿಯುತ್ತಿತ್ತು. ಟೀಚರ್ ಮೊಬೈಲಿನಲ್ಲಿ, ಐದನೇ ತರಗತಿಯ ಮಗು, ಭಾಷೆಯಲ್ಲಿ ಇಷ್ಟು ಅಂಕ, ಷರಾ ಬೇಕು ಎಂದು ಬರೆದರು. ಬರೆದುಕೊಡುತ್ತೇನೆ, ಆದರೆ ಈ ಮಗುವಿನಲ್ಲಿ ನೀವು ಗಮನಿಸಿದ ಒಂದೆರಡು ವಿಷಯ ಹೇಳಿದರೆ ಆ ಮಗುವಿಗೇ ಹೊಂದುವಂತೆ ಬರೆಯಬಹುದು ಎಂದು ಉತ್ತರ ಬಂತು.

ಹೇಳುತ್ತಾ ಹೋದರು. ಒಬ್ಬ ಕಥೆ ಚೆನ್ನಾಗಿ ಹೇಳುತ್ತಾನೆ, ಬರೆಯುವುದೆಂದರೆ ಆಗದು. ಒಬ್ಬಳ ಅಕ್ಷರ ಮುತ್ತಿನಂಥದ್ದು, ಪ್ರಶ್ನೆ ಕೇಳಿದರೆ ತುಟಿ ಬಿಚ್ಚಳು. ಮೂರನೇ ಬೆಂಚಿನ ಕೊನೆಯಲ್ಲಿ ಕೂರುವ ಹುಡುಗಿಯ ಸರದಿ ಬಂದಾಗ ಕೈ ನಿಂತಿತು. ಆ ಮಗುವಿನ ಮುಖವೇನೋ ಕಣ್ಣ ಮುಂದೆ ಬಂತು, ಅದರ ಜೊತೆಗೆ ಬೇರೇನೂ ಬರಲಿಲ್ಲ. ಆರು ತಿಂಗಳಿಂದ ದಿನಾ ನೋಡುತ್ತಿದ್ದರೂ ಹೇಳುವುದಕ್ಕೆ ಒಂದು ಮಾತಿಲ್ಲ. ಅವಳ ಉಕ್ತಲೇಖನದ ನೋಟ್‌ಬುಕ್ಕು ತೆಗೆದರು. ಇಪ್ಪತ್ತಕ್ಕೆ ಆರು, ಐದು, ಏಳು. ಅಡಿಯಲ್ಲಿ ತಮ್ಮದೇ ಕೈಬರಹದಲ್ಲಿ ‘ಗಮನವಿಲ್ಲ’. ಒಂದು ಕಡೆ ‘ಜೋರಾಗಿ ಮಳೆ ಬಂತು’ ಎನ್ನುವುದನ್ನು ಅವಳು ‘ಜೋರಾಗಿ ಬಳೆ ಬಂತು’ ಎಂದು ಬರೆದಿದ್ದಳು. ಆ ದಿನ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಟೀಚರ್ ಅವಳನ್ನು ನಿಲ್ಲಿಸಿದ್ದರು.

ಬೇರೇನೂ ಇಲ್ಲದ್ದರಿಂದ ಆ ತಪ್ಪುಗಳನ್ನೇ ಪಟ್ಟಿ ಮಾಡಿ ಬರೆದರು. ಮಳೆಗೆ ಬಳೆ, ಪಟಕ್ಕೆ ಮಠ, ಬಾಯಿಗೆ ಪಾಯಿ, ಮರಕ್ಕೆ ಬರ. ಮೊದಲ ಏಳೆಂಟು ಪದದಲ್ಲಿ ಇಂಥ ತಪ್ಪು, ಆಮೇಲೆ ಬರೀ ಖಾಲಿ ಸಾಲು ಎಂದೂ ಬರೆದರು.

ಎಐ ಷರಾ ಬರೆಯಲಿಲ್ಲ. ಹೆಚ್ಚಿನ ತಪ್ಪು ಪ, ಬ, ಮ ಅಕ್ಷರಗಳಲ್ಲೇ ಇವೆ. ಮೂರೂ ತುಟಿ ಮುಚ್ಚಿ ಹೇಳುವ ಅಕ್ಷರಗಳು. ಕೇಳದೆ ತುಟಿ ನೋಡಿ ಬರೆಯುವವರಿಗೆ ಮೂರೂ ಒಂದೇ ಥರ ಕಾಣುತ್ತವೆ ಎಂದಿತು. ಇದು ಊಹೆ ಮಾತ್ರ, ಮಗುವನ್ನು ನಾನು ನೋಡಿಲ್ಲ, ಹತ್ತಿರದಿಂದ ಬಲ್ಲವರು ಗಮನಿಸಿ, ಬೇಕಾದರೆ ಕಿವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದೂ ಸೇರಿಸಿತು.

ಹತ್ತಿರದಿಂದ ಬಲ್ಲವರು ಎನ್ನುವ ಮಾತನ್ನು ಟೀಚರ್ ಎರಡು ಸಲ ಓದಿದರು.

ಮಾರನೇ ದಿನ ಮೊದಲ ಪೀರಿಯಡ್‌ನಲ್ಲಿ ಮಕ್ಕಳಿಗೆ ಉಕ್ತಲೇಖನದ ಪುಸ್ತಕ ವಾಪಸ್ ಕೊಟ್ಟು, ಮೌನವಾಗಿ ಪಾಠ ಓದಲು ಹೇಳಿ, ಬೆಂಚುಗಳ ನಡುವೆ ನಡೆದು ಹಿಂದೆ ಹೋಗಿ ನಿಂತರು. ಮೂರನೇ ಬೆಂಚಿನ ಹುಡುಗಿಯ ಹೆಸರು ಹಿಡಿದು ಕರೆದರು. ಉಳಿದ ತಲೆಗಳೆಲ್ಲ ತಿರುಗಿದವು. ಅವಳದು ತಿರುಗಲಿಲ್ಲ. ಪಕ್ಕದವಳು ಮೊಣಕೈಯಿಂದ ತಿವಿದ ಮೇಲೆ ತಿರುಗಿದಳು, ಎದ್ದು ನಿಂತು ಟೀಚರ ಮುಖವನ್ನೇ ನೋಡಿದಳು. ಕಣ್ಣನ್ನಲ್ಲ, ಬಾಯನ್ನು.

ಕೂತ್ಕೋ ಎಂದು ಸನ್ನೆ ಮಾಡಿ ಟೀಚರ್ ಮುಂದೆ ಬಂದರು. ತರಗತಿಯ ಎದುರು ನಿಂತು, ಸ್ವಲ್ಪವೂ ದನಿ ಹೊರಡಿಸದೆ, ಬರೀ ತುಟಿ ಆಡಿಸಿ, ಉಕ್ತಲೇಖನದ ಪುಸ್ತಕ ತೆಗೀರಿ ಅಂದರು. ಮಕ್ಕಳು ಮಿಕಿಮಿಕಿ ನೋಡಿದರು. ಏನಂದ್ರಿ ಟೀಚರ್ ಎಂದು ಯಾರೋ ಕೇಳಿದರು. ಮೂರನೇ ಬೆಂಚಿನ ಹುಡುಗಿ ಬಗ್ಗಿ ಚೀಲಕ್ಕೆ ಕೈ ಹಾಕಿ, ಉಕ್ತಲೇಖನದ ಪುಸ್ತಕ ತೆಗೆದು ಬೆಂಚಿನ ಮೇಲಿಟ್ಟಳು.

ಎದೆ ಧಸಕ್ ಅನ್ನಬೇಕಿತ್ತು. ಅನ್ನಲಿಲ್ಲ. ಟೀಚರ್ ನೆಟ್ಟಗೆ ನಿಂತುಕೊಂಡೇ ಲೆಕ್ಕ ಹಾಕಿದರು. ಹೋದ ವರ್ಷದ ಪ್ರಗತಿಪತ್ರದಲ್ಲಿ ಈ ಹುಡುಗಿಗೆ ಉಕ್ತಲೇಖನದಲ್ಲಿ ಹದಿನಾಲ್ಕಕ್ಕೆ ಕಡಿಮೆ ಇರಲಿಲ್ಲ. ಈ ವರ್ಷ ಏನಾಯಿತು? ಆಗಿದ್ದೇನೆಂದು ತಿಳಿಯಲು ದೂರ ಹೋಗಬೇಕಿರಲಿಲ್ಲ. ತಂಗಿ ಹೋದ ಮೇಲೆ ನಲವತ್ತೆಂಟು ಜೊತೆ ಕಣ್ಣನ್ನು ಎದುರಿಸುವುದು ಅವರಿಗೆ ಭಾರವಾಗಿತ್ತು. ಉಕ್ತಲೇಖನ ಶುರು ಮಾಡಿ, ಏಳೆಂಟು ಪದ ಹೇಳುವಷ್ಟರಲ್ಲಿ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದರು. ಉಳಿದದ್ದನ್ನೆಲ್ಲ ಬೋರ್ಡಿಗೇ ಹೇಳುತ್ತಿದ್ದರು. ಆ ಏಳೆಂಟು ಪದ ಮುಗಿದ ಕೂಡಲೇ ಮೂರನೇ ಬೆಂಚಿನಲ್ಲಿ ಒಂದು ಪೆನ್ಸಿಲ್ ನಿಲ್ಲುತ್ತಿತ್ತು.

ತಾಯಿಯನ್ನು ಕರೆಸಿದರು. ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಮಗಳು ಏನೋ ತಪ್ಪು ಮಾಡಿದ್ದಾಳೆ ಎಂದುಕೊಂಡೇ ಬಂದಿದ್ದಳು, ಕೂರಲು ಹೇಳಿದರೂ ಕೂರಲಿಲ್ಲ. ಟೀಚರ್ ಬಾಯಿ ತೆರೆಯುವ ಮೊದಲೇ ಶುರು ಮಾಡಿದಳು.

“ಮನೇಲೂ ಹಂಗೇ ಟೀಚರ್. ಹೇಳಿದ್ದು ಕಿವಿ ಮೇಲೆ ಹಾಕ್ಕೊಳ್ಳೋದೇ ಇಲ್ಲ.”

ಟೀಚರ್ ನಡೆದದ್ದನ್ನೆಲ್ಲ ಹೇಳಿದರು. ತುಟಿ ನೋಡಿ ಪುಸ್ತಕ ತೆಗೆದದ್ದನ್ನು ಹೇಳಿದಾಗ ಆ ಹೆಂಗಸು ಕುರ್ಚಿಯ ತುದಿಗೆ ಮೆಲ್ಲನೆ ಕೂತಳು.

“ತಪ್ಪು ನಂದೂ ಇದೆಯಮ್ಮ. ನಾನು ಈ ವರ್ಷ ಮಕ್ಕಳ ಕಡೆ ಮುಖ ಮಾಡಿ ಪಾಠ ಮಾಡ್ಲಿಲ್ಲ. ಮಾಡಿದ್ರೆ ಯಾವಾಗ್ಲೋ ಗೊತ್ತಾಗ್ತಿತ್ತು.”

ತಾಯಿ ಪರವಾಗಿಲ್ಲ ಎನ್ನಲಿಲ್ಲ. “ನಾನು ಹೊಡೆದಿದೀನಿ ಟೀಚರ್, ಕರೆದ್ರೆ ಬರಲ್ಲ ಅಂತ,” ಅಂದಳು. ಟೀಚರೂ ಸಮಾಧಾನ ಹೇಳಲಿಲ್ಲ. ಇಬ್ಬರೂ ಆಸ್ಪತ್ರೆಯ ಕಿವಿ ವಿಭಾಗ ಯಾವ ದಿನ ತೆರೆದಿರುತ್ತದೆ ಎಂದು ವಿಚಾರಿಸಿಕೊಂಡರು.

ಎರಡು ಕಿವಿಯೂ ಮಂದ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಶ್ರವಣಯಂತ್ರ ಬರಲು ಆರು ವಾರವಾಗುತ್ತದೆ ಎಂದರು. ಅಲ್ಲಿಯವರೆಗೆ ಹುಡುಗಿಯನ್ನು ಮೊದಲ ಬೆಂಚಿನ ನಡುವೆ ಕೂರಿಸಿದರು. ಅವಳಿಗಾಗಿ ಅಭ್ಯಾಸದ ಹಾಳೆಗಳನ್ನೂ ಬೇರೆ ಮಾಡಿದರು. ಎಐಗೆ ಹೇಳಿದರೆ ಐದು ನಿಮಿಷದಲ್ಲಿ ಆಗುತ್ತಿತ್ತು. ಬಾಯಲ್ಲಿ ಹೇಳುವ ಸೂಚನೆಯೆಲ್ಲ ಬರಹದಲ್ಲಿ, ಪದದ ಪಕ್ಕ ಚಿತ್ರ. ಪ್ರಶ್ನೆಪತ್ರಿಕೆ, ಪಾಠಯೋಜನೆ, ವೇಳಾಪಟ್ಟಿ ಎಲ್ಲ ಅದಕ್ಕೇ ಬಿಟ್ಟರು. ಉಕ್ತಲೇಖನದ ತಿದ್ದುವಿಕೆ ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಮತ್ತೆ, ಪಾಠ ಮುಗಿಯುವವರೆಗೂ ಬೋರ್ಡಿಗೆ ಬೆನ್ನು ಹಾಕಿ ನಿಂತರು. ಮೊದಲ ವಾರ ಅದೇ ದೊಡ್ಡ ದುಡಿಮೆ ಅನ್ನಿಸಿತು. ತುಟಿ ಬಿಡಿಸಿ ಬಿಡಿಸಿ ಮಾತಾಡಿ ಸಂಜೆಯ ಹೊತ್ತಿಗೆ ದವಡೆ ನೋಯುತ್ತಿತ್ತು.

ಆ ಭಾನುವಾರ ತಂಗಿಗೆ ಇದನ್ನೆಲ್ಲ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡು, “ಅದಿರಲಿ ಅಕ್ಕ, ನೀನು ಹೇಗಿದೀಯಾ?” ಅಂದಳು.

“ಗೊತ್ತಾಗ್ತಿಲ್ಲ ಕಣೆ,” ಅಂದರು ಟೀಚರ್.

ಫೋನ್ ಇಡುವ ಮಾತನ್ನು ಇಬ್ಬರೂ ಆಡಲಿಲ್ಲ.

ಶ್ರವಣಯಂತ್ರ ಬಂದ ನಾಲ್ಕನೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ಟೀಚರ್ ವರಾಂಡದಲ್ಲಿ ಹೋಗುತ್ತಿದ್ದರು. ಹಿಂದಿನಿಂದ ಯಾರೋ ಓಡಿಬಂದರು. ಅದೇ ಹುಡುಗಿ. ಎಷ್ಟು ಜೋರಾಗಿ ಮಾತಾಡಬೇಕೆಂದು ಇನ್ನೂ ಅಂದಾಜು ಸಿಕ್ಕಿರಲಿಲ್ಲ. ವರಾಂಡಕ್ಕೆಲ್ಲ ಕೇಳುವಂತೆ ಹೇಳಿದಳು.

“ಟೀಚರ್, ನಿಮ್ಮ ಚಪ್ಪಲಿ ಕುಯ್ ಕುಯ್ ಅನ್ನುತ್ತೆ.”

ಟೀಚರ್ ನಾಲ್ಕು ಹೆಜ್ಜೆ ಹಾಕಿ ನೋಡಿದರು. ಹೌದು, ಎಡಗಾಲಿನದು. ಎಷ್ಟು ದಿನದಿಂದ ಹಾಗೆ ಅನ್ನುತ್ತಿತ್ತೋ, ತಮಗೇ ಕೇಳಿಸಿರಲಿಲ್ಲ. ಹುಡುಗಿ ಇನ್ನೂ ನಾಲ್ಕು ಹೆಜ್ಜೆ ಹಾಕಿಸಿ ಕೇಳಿದಳು, ಖುಷಿಯಾಗಿ ಹೊರಟುಹೋದಳು.

ಸಂಜೆ ಬಸ್ ನಿಲ್ದಾಣದ ಪಕ್ಕ ಚಪ್ಪಲಿ ಹೊಲಿಯುವವರ ಹತ್ತಿರ ನಿಂತರು. ಅವರು ಚಪ್ಪಲಿ ಬಗ್ಗಿಸಿ ನೋಡಿ, ಹಿಮ್ಮಡಿಯ ಪದರ ಬಿಟ್ಟಿದೆ, ಅಂಟಿಸಿದ್ದು ಹಿಡಿಯಲು ಕಾಲು ಗಂಟೆ ಬೇಕು ಎಂದರು. ಆಗಲಿ ಎಂದು ಟೀಚರ್ ಒಂದು ಕಾಲು ಬರಿದಾಗಿ ಕಲ್ಲುಚಪ್ಪಡಿಯ ಮೇಲೆ ನಿಂತುಕೊಂಡರು. ದಿನವಿಡೀ ಬಿಸಿಲಿಗೆ ಕಾದ ಚಪ್ಪಡಿ ಇನ್ನೂ ಬೆಚ್ಚಗಿರುವುದು ಅಂಗಾಲಿಗೆ ತಿಳಿಯಿತು. ಅವರ ಬಸ್ಸು ಬಂತು, ನಿಂತಿತು, ಹೋಯಿತು.