ಏಲಿಕುಟ್ಟಿಯ ನೂರಾ ಮೂರು ಮೀಟರು

"ಪಳ್ಳಿಪ್ಪಡಿ, ಮಿಲ್ಲುಂಪಡಿ, ಆರಾಂಮೈಲು, ರೇಷನ್ ಅಂಗಡಿ, ಕುರಿಶುಪಾರ..."

ಬೆಳಗಿನ ಐದೂ ಮುಕ್ಕಾಲು. ಇಲಂಜಿಮಲ ಹೈಸ್ಕೂಲಿನ ಹಿಂದಿನ ಗುಡ್ಡಕ್ಕೆ ಅರವತ್ತೊಂದು ಮೆಟ್ಟಿಲು. ಅದರ ತುದಿಯಲ್ಲಿ ಹದಿನೈದು ವರ್ಷದ ಜಿಸ್ನಾ ಸೊಂಟಕ್ಕೆ ಕೈಕೊಟ್ಟು ನಿಂತು ಕೋದಮಂಗಲದ ಬಸ್ಸು ನಿಲ್ಲುವ ಜಾಗಗಳನ್ನೆಲ್ಲ ಹೇಳುತ್ತಿದ್ದಾಳೆ. ಆರನೆಯ ಹೆಸರಿಗೆ ಉಸಿರು ತುಂಡಾಗುತ್ತದೆ.

"ಬಸ್ಸು ಕೆಟ್ಟು ನಿಂತಿತು!" ಕೆಳಗಿನಿಂದ ಏಲಿಕುಟ್ಟಿ ಕೂಗುತ್ತಾರೆ. "ಸುಮ್ಮನೆ ನಿಂತ್ಕೊ ಮೋಳೆ. ಮತ್ತೆ ಮೊದಲಿಂದ."

"ಈಗಲೇ ಓಡ್ತೀನಿ ಚೇಚಿ, ಆಗುತ್ತೆ."

"ನಿಂಗೆ ಆಗುತ್ತೆ. ನಿನ್ನ ಕಾಲಿಗೆ ಆಗಲ್ಲ. ನಾನು ಮಾತಾಡ್ತಿರೋದು ಅದರ ಹತ್ರ."

ಹನ್ನೊಂದು ನಿಲ್ದಾಣ. ಏದುಸಿರಿಲ್ಲದೆ ಅಷ್ಟನ್ನೂ ಹೇಳಿದವರಿಗೆ ಮಾತ್ರ ಮುಂದಿನ ಓಟ. ಗಡಿಯಾರಕ್ಕಿಂತ ಏಲಿಕುಟ್ಟಿಗೆ ಈ ಬಸ್ಸಿನ ಮೇಲೆಯೇ ನಂಬಿಕೆ. ಒಬ್ಬಳಿಗೆ ಎರಡು ನಿಮಿಷ ಸಾಕು, ಇನ್ನೊಬ್ಬಳಿಗೆ ನಾಲ್ಕು ಬೇಕು, ಹಿಂದಿನ ದಿನ ಜ್ವರವಿದ್ದವಳಿಗೆ ಬಸ್ಸು ಕೋದಮಂಗಲ ಮುಟ್ಟುವುದೇ ಇಲ್ಲ. ಆಕೆ ಅಂದು ಪಡಸಾಲೆಯಲ್ಲಿ ಕೂತು ಉಳಿದವರ ಬ್ಯಾಗು ಕಾಯುತ್ತಾಳೆ. "ಸುಸ್ತಾದ ಕಾಲಿಗೆ ವೇಗ ಕಲಿಸೋಕೆ ಹೋದ್ರೆ ಅದು ಸುಸ್ತನ್ನೇ ಕಲಿಯುತ್ತೆ," ಎನ್ನುತ್ತಾರೆ ಅವರು.

ಊರಿಗೆಲ್ಲ ಅವರು ಚೇಚಿ, ಅಕ್ಕ; ಅವರಿಗೆ ಹುಡುಗಿಯರೆಲ್ಲ ಮೋಳೆ, ಮಗಳು. ಶಾಲೆಯ ದಾಖಲೆಯಲ್ಲಿ ಐವತ್ತೆರಡು ವರ್ಷದ ಏಲಿಕುಟ್ಟಿ ಅಡುಗೆಯವರು. ಏಳೂವರೆಗೆ ಸೀಟಿಯನ್ನು ಕೊರಳಿನಿಂದ ತೆಗೆದು ಮೊಳೆಗೆ ಸಿಕ್ಕಿಸಿ, ಕೈ ತೊಳೆದು, ಮುನ್ನೂರು ಮಕ್ಕಳ ಮಧ್ಯಾಹ್ನದ ಅನ್ನ, ಹೆಸರುಕಾಳಿಗೆ ಒಲೆ ಹಚ್ಚುತ್ತಾರೆ. ಅದಕ್ಕೂ ಮುಂಚಿನ ಎರಡು ಗಂಟೆ ಯಾವ ದಾಖಲೆಯಲ್ಲೂ ಇಲ್ಲ. ಆ ಎರಡು ಗಂಟೆಯಲ್ಲಿ ನಲವತ್ತೆರಡು ಮಕ್ಕಳು, ಒಂಬತ್ತು ಲಾರಿ ಟೈರು, ಹಳೆಯ ಅಕ್ಕಿಚೀಲ ಕತ್ತರಿಸಿ ಅವರೇ ಹೊಲಿದು ಹೊಳೆಮರಳು ತುಂಬಿದ ಇಪ್ಪತ್ತು ಮೂಟೆಗಳು. ಎರಡು ಕಿಲೋದಿಂದ ಹನ್ನೆರಡರವರೆಗೆ ಪ್ರತಿ ಮೂಟೆಗೂ ಒಂದೊಂದು ಬಣ್ಣದ ದಾರ. ಹದಿನಾಲ್ಕು ತುಂಬದವರು ಮೂಟೆ ಮುಟ್ಟುವಂತಿಲ್ಲ. ಅವರ ಹೆಗಲಿಗೆ ಪೊರಕೆಯ ಕೋಲು. ಅದನ್ನಿಟ್ಟುಕೊಂಡು ಬೆನ್ನು ಬಾಗದಂತೆ ಕೂತು ಏಳಬೇಕು. ಜಿಗಿಯುವುದಕ್ಕಿಂತ ಮೊದಲು ನೆಲಕ್ಕೆ ಇಳಿಯುವುದನ್ನು ಕಲಿಯಬೇಕು, ಅದೂ ಬೆಕ್ಕಿನ ಹಾಗೆ, ಸದ್ದಿಲ್ಲದೆ.

ಇಳಿಯುವುದನ್ನು ಏಲಿಕುಟ್ಟಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ನಾನೂರು ಮೀಟರ್ ಹರ್ಡಲ್ಸ್‌ನಲ್ಲಿ ರಾಜ್ಯಕ್ಕೆ ಮೂರನೆಯವರಾಗಿದ್ದವರು ಒಂದು ತರಬೇತಿ ಶಿಬಿರದಲ್ಲಿ ಬೆನ್ನಿಗೆ ಭಾರ ಕಟ್ಟಿಕೊಂಡು ಎತ್ತರದ ಕಟ್ಟೆಯಿಂದ ನೂರು ಸಲ ಧುಮುಕಿದರು. ಎಪ್ಪತ್ತನೆಯ ಸಲಕ್ಕೆ ಬಲಮೊಣಕಾಲು ಕೈಕೊಟ್ಟಿತು. "ಮಿಕ್ಕ ಮೂವತ್ತು ಇನ್ನೂ ಬಾಕಿಯಿದೆ," ಎಂದು ನಗುತ್ತಾರೆ. ಆ ಕಾಲನ್ನು ಎಳೆದುಕೊಂಡೇ ಮೈದಾನ ಸುತ್ತುತ್ತಾರೆ. ತರಬೇತಿಯ ಯಾವ ಪ್ರಮಾಣಪತ್ರವೂ ಇವರ ಬಳಿ ಇಲ್ಲ. ಹಾಗಿದ್ದೂ ತಾಯಂದಿರು ಹೆಣ್ಣುಮಕ್ಕಳನ್ನು ಕತ್ತಲಿರುವಾಗಲೇ ಎಬ್ಬಿಸಿ ಕಳಿಸುತ್ತಾರೆ. ಏಲಿಕುಟ್ಟಿಯ ಉಪ್ಪಿನ ಅಳತೆ ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಅದೇ ಅವರ ಪ್ರಮಾಣಪತ್ರ.

ಜಿಸ್ನಾಳ ಅಪ್ಪ ಸಾಜನ್ ಜೀಪು ಓಡಿಸುತ್ತಾನೆ. "ಅಷ್ಟು ಜೋರಾಗಿ ಓಡಿ ಎಲ್ಲಿಗೆ ಹೋಗ್ಬೇಕು ಚೇಚಿ? ಜೀಪಿದೆಯಲ್ಲ," ಎಂದು ಸಿಕ್ಕಾಗಲೆಲ್ಲ ಕೆಣಕುತ್ತಾನೆ. ಹತ್ತನೆಯ ತರಗತಿ ಮುಗಿದ ಮೇಲೆ ಅವಳು ಹೊಲಿಗೆ ಕಲಿಯಲಿ ಎಂಬುದು ಅವನ ಲೆಕ್ಕ. ಅವಳ ಕಣ್ಣು ಜಿಲ್ಲೆಯ ಕ್ರೀಡಾ ಹಾಸ್ಟೆಲಿನ ಮೇಲಿದೆ. ನೂರು ಮೀಟರನ್ನು ಹದಿಮೂರು ಸೆಕೆಂಡಿನೊಳಗೆ ಓಡುವ ಹುಡುಗಿಯರನ್ನು ಮಾತ್ರ ಅಲ್ಲಿ ಪರೀಕ್ಷೆಗೆ ಕರೆಯುತ್ತಾರೆ. ಸಮಯವನ್ನು ಬರೆದು ಶಾಲೆಯೇ ಶನಿವಾರದೊಳಗೆ ಕಳಿಸಬೇಕು; ಅದಕ್ಕೆ ಶುಕ್ರವಾರ ಬೆಳಿಗ್ಗೆ ಕೊನೆಯ ಓಟ. ಜಿಸ್ನಾಳ ಅತ್ಯುತ್ತಮ ಸಮಯ ಹದಿಮೂರು ಪಾಯಿಂಟ್ ಎರಡು. ಒಂದು ವರ್ಷದಿಂದ ಅದು ಅಲ್ಲೇ ಕೂತಿದೆ, ಏನು ಮಾಡಿದರೂ ಏಳದ ಹಸುವಿನ ಹಾಗೆ.

ಮಂಗಳವಾರ ಸಂಜೆ ಹೊಸದಾಗಿ ಬಂದ ದೈಹಿಕ ಶಿಕ್ಷಕ ಅಭಿಲಾಷ್ ಮಾಷ್ ರಿಲೇ ಓಟಕ್ಕೆ ಗೆರೆ ಹಾಕಲು ಸರ್ವೆಯವರಿಂದ ಉಕ್ಕಿನ ಟೇಪು ತರುತ್ತಾರೆ. ಓಟ ಶುರುವಾಗುವ ಕಲ್ಲಿನಿಂದ ಹಲಸಿನ ಮರದ ಬುಡದ ಕೊನೆಯ ಕಲ್ಲಿನವರೆಗೆ ಅಳೆಯುತ್ತಾರೆ. ತಲೆ ಕೆರೆದುಕೊಂಡು ಇನ್ನೊಮ್ಮೆ ಅಳೆಯುತ್ತಾರೆ.

"ಚೇಚಿ, ನೂರಾ ಮೂರು ಮೀಟರ್ ನಲವತ್ತು."

"ಟೇಪು ಸರಿಯಿಲ್ಲ ಮಾಷೇ."

"ಉಕ್ಕು ಚೇಚಿ ಇದು."

"ಉಕ್ಕಾದ್ರೇನು, ಸರ್ಕಾರದ್ದಲ್ವಾ? ಇನ್ನೊಂದು ಸಲ ಹಿಡೀರಿ."

ಮೂರನೆಯ ಸಲವೂ ಅಷ್ಟೇ. ಏಲಿಕುಟ್ಟಿ ಹಲಸಿನ ಬೇರಿನ ಮೇಲೆ ಕೂತುಬಿಡುತ್ತಾರೆ. ಆರು ವರ್ಷದ ಹಿಂದಿನ ಒಂದು ಬೆಳಗು ಅವರಿಗೆ ನೆನಪಾಗುತ್ತದೆ. ಹೊಸ ನೈಲಾನ್ ಹಗ್ಗ ತಂದು, ದರ್ಜಿಯ ಅಳತೆಪಟ್ಟಿ ಇಟ್ಟು ಐವತ್ತು ಮೀಟರು ಗುರುತು ಮಾಡಿ, ಅದರ ಎರಡು ತುದಿ ಹಿಡಿಯಲು ಶಾಲೆಯಲ್ಲೇ ಗಟ್ಟಿಮುಟ್ಟಾದ ಇಬ್ಬರನ್ನು ಕರೆದಿದ್ದರು: ಶಾಟ್‌ಪುಟ್ ಎಸೆಯುವ ಬೇಸಿಲ್ ಮತ್ತು ಎಲ್ದೋ. "ಸಡಿಲ ಬಿಡಬೇಡ್ರೋ, ಎಳೀರಿ," ಎಂದಿದ್ದರು. ಎರಡು ವರ್ಷ ಟೈರು ಎಳೆಸಿ, ಮರಳಿನ ಮೂಟೆ ಹೊರಿಸಿ ತಾವೇ ತಯಾರು ಮಾಡಿದ ತೋಳುಗಳು. ನೂರು ಅಳೆಯಲು ಹಗ್ಗವನ್ನು ಎರಡು ಸಲ ಹಿಡಿದರು, ಎರಡು ಸಲವೂ ಎಳೆದರು. ನೈಲಾನು ಹಿಗ್ಗಿತು. ಇಲಂಜಿಮಲದ ನೂರು ಮೀಟರು ಅಂದೇ ಮೂರು ಮೀಟರು ಬೆಳೆಯಿತು.

ಸುಳಿವು ಸಿಕ್ಕಿರಲಿಲ್ಲ ಎಂದಲ್ಲ. ಉಪಜಿಲ್ಲಾ ಕ್ರೀಡಾಕೂಟದಲ್ಲಿ ಗೆದ್ದವರ ಸಮಯವನ್ನು ಮಾತ್ರ ಬರೆಯುತ್ತಾರೆ, ಮತ್ತು ಇಲ್ಲಿಂದ ಹೋಗಿ ಗೆದ್ದವರೆಲ್ಲ ಊರಿಗಿಂತ ಅರ್ಧ ಸೆಕೆಂಡು ಬೇಗ ಓಡಿದ್ದರು. ಆ ಅರ್ಧ ಸೆಕೆಂಡಿನ ಕೀರ್ತಿಯನ್ನೆಲ್ಲ ಏಲಿಕುಟ್ಟಿ ತಾವು ಕೂಟದ ದಿನ ಬೆಳಿಗ್ಗೆ ಬೇಯಿಸಿಕೊಡುವ ಬಾತುಕೋಳಿ ಮೊಟ್ಟೆಗೆ ಕೊಟ್ಟಿದ್ದರು.

ಅಭಿಲಾಷ್ ಮಾಷ್ ಒಳ್ಳೆಯ ಮನುಷ್ಯ. "ಯಾರಿಗೂ ಹೇಳೋದು ಬೇಡ ಚೇಚಿ. ಕಲ್ಲನ್ನು ಈಗಲೇ ಈಚೆ ಇಟ್ಬಿಡೋಣ. ಶುಕ್ರವಾರ ಜಿಸ್ನಾ ಬೇಗ ಓಡ್ತಾಳೆ, ಅಷ್ಟೇ. ಗೊತ್ತಾದ್ರೆ ಹೆಡ್‌ಮಿಸ್ಟ್ರೆಸ್ ನಿಮ್ಮನ್ನ ಅಡುಗೆಮನೆಯಿಂದ ಈಚೆ ಬಿಡ್ತಾರಾ?"

ಏಲಿಕುಟ್ಟಿಯ ತಲೆಯಲ್ಲಿರುವುದು ರಿನ್ಸಿ. ನಾಲ್ಕು ವರ್ಷದ ಹಿಂದೆ ಹದಿಮೂರು ಪಾಯಿಂಟ್ ಮೂರರಲ್ಲಿ ನಿಂತುಹೋದ ಹುಡುಗಿ. ಉಪಜಿಲ್ಲೆಯಲ್ಲಿ ಎರಡು ಸಲವೂ ಎರಡನೆಯವಳಾದಳು, ಸಮಯ ಬರೆಸಿಕೊಳ್ಳಲಿಲ್ಲ. "ನಂಗೆ ಅಷ್ಟೇ ಇರೋದು ಚೇಚಿ," ಎಂದು ಶೂ ಕಳಚಿಟ್ಟು ಹೋಗಿ ಈಗ ಪಳ್ಳಿಪ್ಪಡಿಯ ಬೇಕರಿಯಲ್ಲಿ ನಿಲ್ಲುತ್ತಾಳೆ.

ಬುಧವಾರ ಒಲೆ ಆರಿಸಿದವರೇ ಏಲಿಕುಟ್ಟಿ ಬೇಕರಿಗೆ ನಡೆಯುತ್ತಾರೆ. ರಿನ್ಸಿ ಬೇಳೆಯ ಪರಿಪ್ಪುವಡೆಯನ್ನು ಕಾಗದದಲ್ಲಿ ಕಟ್ಟುತ್ತಿದ್ದಾಳೆ. ಹಗ್ಗ, ಬೇಸಿಲ್, ಎಲ್ದೋ, ಉಕ್ಕಿನ ಟೇಪು, ಎಲ್ಲವನ್ನೂ ಗಾಜಿನ ಪೆಟ್ಟಿಗೆಯ ಈಚೆ ನಿಂತು ಒಂದೇ ಸಮನೆ ಹೇಳಿ ಮುಗಿಸುತ್ತಾರೆ. ಹುಡುಗಿಯ ಕೈ ನಿಲ್ಲುತ್ತದೆ. ದಾರದ ಉಂಡೆ ಉರುಳಿಕೊಂಡು ಹೋಗುತ್ತದೆ.

"ಹಾಗಾದ್ರೆ ನಾನು ಹನ್ನೆರಡು ಒಂಬತ್ತಾ?"

"ಹೌದು ಮೋಳೆ. ತಪ್ಪು ನಂದು."

ರಿನ್ಸಿಯ ಕಣ್ಣು ತುಂಬಿಕೊಂಡಿವೆ, ಯಾಕೆಂದು ಅವಳಿಗೂ ಸರಿಯಾಗಿ ತಿಳಿದಂತಿಲ್ಲ. ಆಮೇಲೆ ಹಿಂದಕ್ಕೆ ತಿರುಗಿ ಮಾಲೀಕನಿಗೆ ಕೇಳುವ ಹಾಗೆ ಕೂಗುತ್ತಾಳೆ: "ಚೇಟ್ಟಾ! ನಿಮ್ಮ ಅಂಗಡೀಲಿ ವಡೆ ಕಟ್ತಿರೋದು ಹನ್ನೆರಡು ಒಂಬತ್ತು. ಇನ್ಮೇಲೆ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡ್ಸಿ!"

"ಹನ್ನೆರಡು ಒಂಬತ್ತಾಗ್ಲಿ, ಹದಿಮೂರಾಗ್ಲಿ, ವಡೆ ತಣ್ಣಗಾಗ್ತಿದೆ," ಒಳಗಿನಿಂದ ಉತ್ತರ ಬರುತ್ತದೆ.

"ಶುಕ್ರವಾರ ಬರ್ತೀನಿ ಚೇಚಿ," ಎನ್ನುತ್ತಾಳೆ ರಿನ್ಸಿ. "ಒಂದು ಸಲ ಸರಿಯಾದ ನೂರು ಓಡಿ ನೋಡ್ಬೇಕು. ಆಮೇಲೆ ನಿಮ್ಮ ಹತ್ರ ಜಗಳ ಆಡ್ತೀನಿ."

ಗುರುವಾರದ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಮುಂದೆ ಏಲಿಕುಟ್ಟಿ ತಮ್ಮ ತಪ್ಪನ್ನು ಹೇಳುತ್ತಾರೆ. ಮಕ್ಕಳು ಒಂದು ಗಳಿಗೆ ಬಾಯಿಬಿಟ್ಟು ನಿಂತು, ಲೆಕ್ಕ ಹೊಳೆದ ಕೂಡಲೇ ಕುಣಿಯತೊಡಗುತ್ತಾರೆ: ಎಲ್ಲರೂ ರಾತ್ರೋರಾತ್ರಿ ಚುರುಕಾಗಿದ್ದಾರೆ, ಕೂಟದಲ್ಲಿ ಯಾವಾಗಲೂ ಕೊನೆಗೆ ಬರುವ ಹುಡುಗ ಕೂಡ. ಹೆಡ್‌ಮಿಸ್ಟ್ರೆಸ್ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಏಲಿಕುಟ್ಟಿಯನ್ನು ಅಡುಗೆಮನೆಯಲ್ಲೇ ಕೂಡಿಹಾಕುವ ಮಾತು ಅಲ್ಲಿಗೆ ಮುಗಿಯುತ್ತದೆ.

ಶುಕ್ರವಾರ ಬೆಳಿಗ್ಗೆ ಆರೂವರೆ. ಉಕ್ಕಿನ ಟೇಪು ತೋರಿಸಿದ ಜಾಗದಲ್ಲಿ ಹೊಸ ಸುಣ್ಣದ ಗೆರೆ. ಜೀಪು ನಿಲ್ಲಿಸಿ ಸಾಜನ್ ಕೂಡ ಬೇಲಿಗೆ ಒರಗಿದ್ದಾನೆ. ಜಿಸ್ನಾ ನಾಲ್ಕನೆಯ ಲೇನಿನಲ್ಲಿ, ಅವಳ ಪಕ್ಕದಲ್ಲಿ ಚೂಡಿದಾರದ ಪ್ಯಾಂಟು ಮಡಚಿ ಬರಿಗಾಲಲ್ಲಿ ನಿಂತ ರಿನ್ಸಿ.

"ಅಜ್ಜಿ, ಬಿದ್ರೆ ಎತ್ತೋಕೆ ನಾನು ನಿಲ್ಲಲ್ಲ," ಜಿಸ್ನಾ.

"ನೀನು ಮುಂದಿದ್ರೆ ತಾನೇ ನಿಲ್ಲೋದು," ರಿನ್ಸಿ.

ಓಟ ಶುರುವಿಗೆ ಎರಡು ಹಲಗೆ ಪಟ್ಟೆಂದು ಬಡಿದುಕೊಳ್ಳುತ್ತವೆ. ಅರವತ್ತು ಮೀಟರಿನವರೆಗೆ ಇಬ್ಬರೂ ಸರಿಸಮ. ಆಮೇಲೆ ನಾಲ್ಕು ವರ್ಷದ ಬೇಕರಿ ರಿನ್ಸಿಯ ಕಾಲು ಹಿಡಿಯುತ್ತದೆ, ಜಿಸ್ನಾ ಒಬ್ಬಳೇ ಮುಂದೆ ಬರುತ್ತಾಳೆ. ಸುಣ್ಣದ ಗೆರೆಯ ಬಳಿ ಅವಳು ಕೊಂಚವೂ ನಿಧಾನಿಸುವುದಿಲ್ಲ. ಹಲಸಿನ ಮರದವರೆಗೂ ಅದೇ ವೇಗ. ಅವಳ ಕಾಲಿಗೆ ಇನ್ನೂ ಹಳೆಯ ನೂರೇ ಗೊತ್ತು.

ಮಾಷ್ ಹಿಡಿದ ಗಡಿಯಾರದಲ್ಲಿ ಹನ್ನೆರಡು ಏಳು. ಏಲಿಕುಟ್ಟಿಯದರಲ್ಲಿ ಹನ್ನೆರಡು ಎಂಟು.

"ಎಂಟೇ ಬರೀರಿ ಮಾಷೇ," ಎನ್ನುತ್ತಾರೆ ಏಲಿಕುಟ್ಟಿ.

ರಿನ್ಸಿಯದು ಹದಿನಾಲ್ಕು ಚಿಲ್ಲರೆ. ಹುಲ್ಲಿನ ಮೇಲೆ ಅಂಗಾತ ಮಲಗಿ, ಮಾತಾಡಲು ಉಸಿರಿಲ್ಲದೆ, ಆಕಾಶಕ್ಕೆ ಬೆರಳು ತೋರಿಸಿ ನಗುತ್ತಿದ್ದಾಳೆ. ಜಗಳ ಮುಂದಿನ ವಾರಕ್ಕಂತೆ. ಅಷ್ಟರಲ್ಲಿ ದಿನಾ ಬೆಳಿಗ್ಗೆ ಒಂದು ಗಂಟೆ ಚಿಕ್ಕಮಕ್ಕಳಿಗೆ ಇಳಿಯುವುದನ್ನು ಕಲಿಸಲು ಬರುತ್ತಾಳಂತೆ. ಸಾಜನ್ ಬೇಲಿ ದಾಟಿ ಒಳಗೆ ಬಂದು, ಏನು ಹೇಳಬೇಕೆಂದು ತೋಚದೆ, "ಹಾಸ್ಟೆಲಿಗೆ ಜೀಪಲ್ಲೇ ಬಿಡ್ತೀನಿ," ಎನ್ನುತ್ತಾನೆ.

ಮಾಷ್ ಅಡುಗೆಮನೆಯ ಬಾಗಿಲಲ್ಲೇ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಹಾಸ್ಟೆಲಿನ ಅರ್ಜಿ ಹರಡುತ್ತಾರೆ. ಜಿಸ್ನಾ ಸಾಜನ್, ವಯಸ್ಸು ಹದಿನೈದು, ಹನ್ನೆರಡು ಪಾಯಿಂಟ್ ಎಂಟು. ಕೊನೆಯಲ್ಲಿ ತರಬೇತಿ ಕೊಟ್ಟವರ ಹೆಸರು, ಅವರ ಹುದ್ದೆ.

"ಕೋಚ್ ಅಂತ ಬರೀತೀನಿ ಚೇಚಿ."

"ಬೇಡ ಮಾಷೇ. ನನ್ನ ಕಡೆಯಿಂದ ಒಂದು ತಪ್ಪು ಅಳತೆ ಆಗ್ಲೇ ಹೋಗಿದೆ." ಪೆನ್ನು ಕಿತ್ತುಕೊಂಡು ಹೆಸರಿನ ಮುಂದೆ ದುಂಡಗೆ 'ಅಡುಗೆ' ಎಂದು ಬರೆಯುತ್ತಾರೆ.

"ಹಾಸ್ಟೆಲಿನವರು ನಗ್ತಾರೆ."

"ನಗ್ಲಿ," ಎನ್ನುತ್ತಾರೆ ಏಲಿಕುಟ್ಟಿ, ಅನ್ನಕ್ಕೆ ನೀರಿಡಲು ಹೊರಟವರು. "ಅವಳು ಓಡೋವರೆಗೆ ತಾನೇ."